ಒಂದು ಮಿಕ್ಸಿ, ಎರಡು ಲಿಂಕು

ರುಮಾನಾಳ ಟಿಫಿನ್ ಡಬ್ಬಿಗೆ ಇಡ್ಲಿ ತುಂಬಿಯಾಗಿತ್ತು. ಚಟ್ನಿಯೊಂದು ರುಬ್ಬಿಬಿಟ್ಟರೆ ಆಯಿತು ಎಂದು ಗಜಾಲಾ ಮಿಕ್ಸಿಯ ಗುಂಡಿ ತಿರುಗಿಸಿದಳು. ಅದು ಎರಡು ಸುತ್ತು ತಿರುಗಿ, ಬೀಡಿ ಸೇದುವ ಮುದುಕನ ಹಾಗೆ ಕೆಮ್ಮಿ, ಒಂದಿಷ್ಟು ಹೊಗೆ ಬಿಟ್ಟು ಸುಮ್ಮನಾಯಿತು. ಮದುವೆಯಲ್ಲಿ ಬಂದ ಮಿಕ್ಸಿ, ಇಷ್ಟು ದಿನ ಬಾಳಿದ್ದೇ ಹೆಚ್ಚು. ಗಜಾಲಾ ಇಡ್ಲಿಯ ಮೇಲೆ ಸಕ್ಕರೆ ಉದುರಿಸಿ, ಮಗಳ ಜಡೆಗೆ ರಿಬ್ಬನ್ ಕಟ್ಟಿ, ಶನಿವಾರದ ಅರ್ಧ ದಿನದ ಶಾಲೆಗೆ ಅವಳನ್ನು ಕಳಿಸಿದಳು.

ಮಿಕ್ಸಿ ಕೆಡುವುದು ಲೋಕದಲ್ಲಿ ದೊಡ್ಡ ಸಂಗತಿಯಲ್ಲ. ಅದು ಯಲಹಂಕದ ಹತ್ತಿರದ ಕೋಗಿಲಿನ ಆ ಬೀದಿಯಲ್ಲಿ ಕೆಟ್ಟಿತಲ್ಲ, ಅದೇ ತೊಂದರೆಯಾಯಿತು.

ಗಜಾಲಾಳ ಸಂಸಾರ ಇದ್ದದ್ದು ಮಹಡಿಯ ಮೇಲೆ, ಬಾಡಿಗೆಗೆ. ಕೆಳಗೆ ಮನೆಯ ಮಾಲೀಕರು ಮುನಿಶಾಮಮ್ಮ, ಅವರ ಸೊಸೆ ರಮಾ. ಎದುರು ಮನೆಯಲ್ಲಿ ಗಜಾಲಾಳ ದೊಡ್ಡಮ್ಮನ ಮಗಳು ನಸೀಮಾ. ರಮಾ ಮತ್ತು ನಸೀಮಾ ಇಬ್ಬರಿಗೂ ಕೆಲವು ತಿಂಗಳಿಂದ ಕ್ಯಾಶ್‌ಬ್ಯಾಕ್ ಹುಚ್ಚು ಹಿಡಿದಿತ್ತು. ಆನ್‌ಲೈನ್ ಅಂಗಡಿಗೆ ನೇರವಾಗಿ ಹೋಗದೆ, ಕ್ಯಾಶ್‌ಬ್ಯಾಕ್ ಸೈಟಿನ ಮೂಲಕ ಹೋಗಿ ಕೊಂಡರೆ ಕೊಟ್ಟ ದುಡ್ಡಿನಲ್ಲಿ ಚೂರುಪಾರು ವಾಪಸ್ ಬರುತ್ತದೆ ಎನ್ನುವುದು ಅದರ ಲೆಕ್ಕ. ಫಿನಾಯಿಲಿಗೆ ಹೆಚ್ಚು ವಾಪಸ್ ಕೊಟ್ಟ ವಾರ ರಮಾ ತರಿಸಿದ ಬಾಟಲಿಗಳು ಇನ್ನೂ ಮಂಚದಡಿಯಲ್ಲಿ ಊಟದ ಪಂಕ್ತಿಗೆ ಕೂತವರ ಹಾಗೆ ಸಾಲಾಗಿದ್ದವು. ನಸೀಮಾಳದು ಟೂತ್‌ಪೇಸ್ಟು. ಅವಳ ಗಂಡ ವಾಜಿದ್ ದಿನಾ ಬೆಳಿಗ್ಗೆ, ಇನ್ನೊಂದು ಸ್ವಲ್ಪ ಹಾಕಿಕೊಂಡು ಉಜ್ಜಿ ಎಂದು ಹೇಳಿಸಿಕೊಂಡೇ ಕೆಲಸಕ್ಕೆ ಹೋಗುತ್ತಿದ್ದ.

ಇಬ್ಬರ ಸೈಟುಗಳೂ ಬೇರೆ ಬೇರೆ, ಒಯ್ಯುವುದು ಮಾತ್ರ ಒಂದೇ ಅಂಗಡಿಗೆ. ಇಬ್ಬರ ದುಡ್ಡೂ ಅಲ್ಲಲ್ಲೇ ಸಿಕ್ಕಿಹಾಕಿಕೊಂಡಿತ್ತು. ತಾವು ಕಳಿಸಿದ ಲಿಂಕ್ ಒತ್ತಿ ಇನ್ನೊಬ್ಬರು ಯಾರಾದರೂ ಒಂದು ದೊಡ್ಡ ಸಾಮಾನು ಕೊಂಡರೆ ಮಾತ್ರ ಅದು ಕೈಗೆ ಬರುವುದಿತ್ತು. ಇಡೀ ಬೀದಿ ಆ ಇನ್ನೊಬ್ಬರಾಗುವುದನ್ನು ತಪ್ಪಿಸಿಕೊಂಡು ಓಡಾಡುತ್ತಿತ್ತು.

ಹೊಗೆಯ ವಾಸನೆ ಹಿಡಿದು ಮೊದಲು ಮೆಟ್ಟಿಲು ಹತ್ತಿದವಳು ರಮಾ. ಅವಳ ಮುಖದಲ್ಲಿ ದುಃಖ ಇತ್ತು, ಆದರೆ ಅದು ಬಹಳ ಹೊತ್ತು ನಿಲ್ಲಲಿಲ್ಲ.

"ಮಿಕ್ಸಿ ಹೋಯ್ತಾ? ಅಯ್ಯೋ ಪಾಪ. ನಾನೊಂದು ಲಿಂಕ್ ಕಳ್ಸಿದೀನಿ ನೋಡಿ ಗಜಾಲಾ. ಅದನ್ನ ಒತ್ಕೊಂಡೇ ಹೋಗ್ಬೇಕು, ಬೇರೆ ಕಡೆಯಿಂದ ಹೋಗ್ಬೇಡಿ. ನಿಮಗೂ ಬರುತ್ತೆ, ನನಗೂ ಬರುತ್ತೆ ಕಣ್ರೀ."

ಗಜಾಲಾಗೆ ಯಾರಿಗೂ ಇಲ್ಲ ಎನ್ನಲು ಬಾರದು. ರಮಾಳ ಎದುರೇ ಲಿಂಕ್ ಒತ್ತಿದಳು. ಪರದೆಯ ಮೇಲೆ ಮಿಕ್ಸಿಗಳು ಮೆರವಣಿಗೆ ಹೊರಟವು. ಬಣ್ಣ ಯಾವುದೆಂದು ನೂರುಲ್ಲಾರನ್ನು ಕೇಳಿ ತಗೊಳ್ಳುತ್ತೇನೆ ಎಂದು ಗಂಡನ ಹೆಸರು ಮುಂದಿಟ್ಟು ರಮಾಳನ್ನು ಕಳಿಸಿಕೊಟ್ಟಳು.

ರಮಾ ಇಳಿದದ್ದೇ ತಡ ನಸೀಮಾ ಹತ್ತಿದಳು. ಅವಳು ಕೇಳಲೂ ಇಲ್ಲ. ತಂಗಿಯ ಫೋನನ್ನು ಕೈಯಿಂದ ಕಿತ್ತುಕೊಂಡು ತನ್ನ ಲಿಂಕನ್ನು ತಾನೇ ಒತ್ತಿ, ಅಕ್ಕ ಎಂಬ ಅಭಿಮಾನ ಇದ್ದರೆ ಸಂಜೆಯೊಳಗೆ ಕೊಳ್ಳುತ್ತೀಯ, ಇಲ್ಲದಿದ್ದರೆ ನಿನ್ನ ಮನಸ್ಸಿಗೆ ಬಿಟ್ಟದ್ದು ಎಂದು ಹೇಳಿ, ಕಣ್ಣಂಚು ಒರೆಸಿಕೊಂಡು ಹೋದಳು. ಕಣ್ಣಲ್ಲಿ ಏನೂ ಇರಲಿಲ್ಲ.

ಯಾರ ಲಿಂಕ್ ಕೊನೆಗೆ ಒತ್ತಿರುತ್ತದೋ ದುಡ್ಡು ಅವರಿಗೆ ಮಾತ್ರ ಎಂದು ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಗಜಾಲಾ ಆಮೇಲೆ ಓದಿದಳು. ಒಂದರಲ್ಲಿ ಮಿಕ್ಸಿ, ಇನ್ನೊಂದರಲ್ಲಿ ಟೀ ಸೋಸುವ ಜರಡಿ ತಗೊಂಡರೆ ಹೇಗೆ ಎಂದು ಯೋಚಿಸಿದಳು. ಜರಡಿಯನ್ನು ಆ ಸೈಟು ಸಾಮಾನೆಂದೇ ಪರಿಗಣಿಸುತ್ತಿರಲಿಲ್ಲ. ಎರಡು ಮಿಕ್ಸಿ ಕೊಳ್ಳಲು ನೂರುಲ್ಲಾ ಯಶವಂತಪುರದ ಈರುಳ್ಳಿ ಮಂಡಿಯಲ್ಲಿ ಲೆಕ್ಕ ಬರೆಯುವವನೇ ಹೊರತು ಮಂಡಿಯ ಯಜಮಾನನಲ್ಲ. ಅವನಿಗೆ ಫೋನ್ ಮಾಡಿದಳು. ಹರಾಜಿನ ಕೂಗಾಟದ ನಡುವೆ ಅವನಿಗೆ ಕೇಳಿಸಿದ್ದು ಅರ್ಧ. ಯಾವುದು ಅಗ್ಗವೋ ಅದನ್ನು ತಗೊ ಎಂದು ಇಟ್ಟುಬಿಟ್ಟ.

ಅಷ್ಟರಲ್ಲಿ ಕೆಳಗಿನಿಂದ ರಮಾಳ ದನಿ ಬಂತು. "ಗಜಾಲಾ, ಲಿಂಕ್ ಒತ್ತಿ ಅಂಗಡಿ ಒಳಗೆ ಹೋಗಿ, ಏನೂ ಕೊಳ್ದೆ ವಾಪಸ್ ಬಂದ್ರಂತೆ? ನಂಗೆ ಮೆಸೇಜ್ ಬಂತು."

ಎದುರು ಮನೆಯ ಬಾಲ್ಕನಿಯಲ್ಲಿ ನಸೀಮಾ ಕೂಡ ಒಂದು ಕಣ್ಣು ಫೋನಿನ ಮೇಲೆ, ಒಂದು ಕಣ್ಣು ಗಜಾಲಾಳ ಕಿಟಕಿಯ ಮೇಲೆ ಇಟ್ಟುಕೊಂಡು ಬಟ್ಟೆ ಒಣಹಾಕುತ್ತಿದ್ದಳು. ಒಂದೇ ಟವೆಲನ್ನು ಎಷ್ಟು ಸಲ ಒಣಹಾಕಿದಳೋ.

ಆದರೆ ಗಜಾಲಾಳ ಎದೆ ನಿಜವಾಗಿ ಕುಸಿದದ್ದು ಮುನಿಶಾಮಮ್ಮ ಬಂದಾಗ. ಮಂಡಿನೋವಿನಿಂದ ಮೆಟ್ಟಿಲು ಹತ್ತದ ಅವರು ಅಂದು ಹತ್ತಿದ್ದರು. ಆ ತಿಂಗಳಿಗೆ ಮನೆಯ ಕರಾರು ಮುಗಿಯುತ್ತಿತ್ತು. ಹೆಚ್ಚು ಬಾಡಿಗೆ ಕೊಡುತ್ತೇವೆ ಎಂದು ಇಬ್ಬರು ಬಂದು ಮನೆ ನೋಡಿಕೊಂಡೂ ಹೋಗಿದ್ದರು. ರುಮಾನಾಳ ಶಾಲೆ ಪಕ್ಕದ ರಸ್ತೆಯಲ್ಲಿ, ಸಂಪಿನ ನೀರು ತಪ್ಪದ ಮನೆ, ಎದುರಿಗೆ ಅಕ್ಕ. ಇದನ್ನು ಬಿಟ್ಟರೆ ಇಷ್ಟು ಬಾಡಿಗೆಗೆ ಎಲ್ಲಿಗೆ ಹೋಗುವುದೆಂದು ಗಜಾಲಾಗೆ ತಿಳಿದಿರಲಿಲ್ಲ.

"ನಮ್ ಸೊಸೆಗೆ ಇನ್ನೊಂದು ಯಾಪಾರ ಆದ್ರೆ ದುಡ್ ಬತ್ತದಂತೆ ಕಣಮ್ಮ," ಎಂದರು ಮುನಿಶಾಮಮ್ಮ ಉಸಿರು ತೆಗೆದುಕೊಳ್ಳುತ್ತಾ. "ಇಂಗೆ ಬಲವಂತ ಮಾಡ್ಬಾರ್ದು, ಆದ್ರೂ ಯೋಳ್ದೆ. ಸಂಜೆ ಬತ್ತೀನಿ, ಮನೆ ಇಸ್ಯಾನೂ ಮಾತಾಡವ."

ರಮಾಳಿಂದ ಕೊಂಡರೆ ಅಕ್ಕ ಮಾತು ಬಿಡುತ್ತಾಳೆ. ಅಕ್ಕನಿಂದ ಕೊಂಡರೆ ಮನೆ ಬಿಡಬೇಕಾಗುತ್ತದೆ. ಗಜಾಲಾ ಅನ್ನಕ್ಕಿಟ್ಟು, ಸೊಪ್ಪು ಬಿಡಿಸುತ್ತಾ ಕೂತಳು. ದಂಟಿನ ರಾಶಿ ಬೆಳೆದ ಹಾಗೆ ಒಂದು ಉಪಾಯವೂ ಬೆಳೆಯಿತು. ಯಾರ ಲಿಂಕೂ ಬೇಡ, ಅಂಗಡಿಗೇ ಹೋಗಿ ದುಡ್ಡು ಕೊಟ್ಟು ತರುವುದು. ತಡೆಯಲಾಗಲಿಲ್ಲ, ಸಂಜೆಗೆ ಮಸಾಲೆ ರುಬ್ಬಬೇಕಿತ್ತು ಎಂದರಾಯಿತು. ಬೇಸರವಾದರೂ ಇಬ್ಬರಿಗೂ ಸಮನಾಗಿ ಆಗುತ್ತದೆ.

ಶಾಲೆ ಬಿಟ್ಟ ರುಮಾನಾಳಿಗೆ ಊಟ ಮಾಡಿಸಿ, ಕೈಹಿಡಿದು ಬಸ್ ಹತ್ತಿಸಿ, ಯಲಹಂಕದ ಹಳೇ ಊರಿನ ವೀರಬಸಪ್ಪನವರ ಪಾತ್ರೆ ಅಂಗಡಿಗೆ ಹೋದಳು. ಆನ್‌ಲೈನಿಗಿಂತ ಅಲ್ಲಿ ಬೆಲೆ ಸ್ವಲ್ಪ ಹೆಚ್ಚೇ ಇತ್ತು. ಆದರೆ ಲಿಂಕ್ ಕೇಳುವವರು ಯಾರೂ ಇರಲಿಲ್ಲ. ಆ ನೆಮ್ಮದಿಗೆ ಅಷ್ಟು ಕೊಡಬಹುದು ಅನಿಸಿತು ಗಜಾಲಾಗೆ. ಅವಳು ಅಂಗಡಿಯ ಕೆಲಸದವಳ ಹತ್ತಿರ ಜಾರುಗಳನ್ನು ತೆಗೆಸಿ, ಮುಚ್ಚಳ ತಿರುಗಿಸಿ ನೋಡುವಷ್ಟು ಹೊತ್ತು ಬಿಳಿಗೂದಲ ವೀರಬಸಪ್ಪನವರು ರುಮಾನಾಳನ್ನು ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡು, ಚಾಕೊಲೇಟು ಕೊಟ್ಟು, ಹರಟುತ್ತಿದ್ದರು. ಕೊನೆಗೆ ಒಳಗಿನಿಂದ ಇನ್ನೂ ಬಿಚ್ಚದ ಹೊಸ ಡಬ್ಬವೊಂದನ್ನು ದೊಡ್ಡ ಚೀಲಕ್ಕೆ ಹಾಕಿಸಿ ಕೊಟ್ಟರು. ಗಜಾಲಾ ಆಟೋದಲ್ಲಿ ಅದನ್ನು ತೊಡೆಯ ಮೇಲೆ ಬಾಣಂತಿ ಕೂಸನ್ನಿಟ್ಟುಕೊಂಡ ಹಾಗೆ ಇಟ್ಟುಕೊಂಡು ಬಂದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೇಳಿ ನೋಡಿಕೊಂಡಳು.

ಗೇಟಿನ ಹತ್ತಿರ ಇಳಿಯುವಾಗ ಚೀಲದ ಹಿಡಿ ಕಿತ್ತು ಡಬ್ಬ ಹೊರಗೆ ಬಂತು. ಅದರ ಸುತ್ತ ಆನ್‌ಲೈನ್ ಕಂಪನಿಯ ನೀಲಿ ಟೇಪು ಅಂಟಿಸಿತ್ತು. ಅಂಗಡಿಯಲ್ಲಿ ಕೊಂಡ ಡಬ್ಬಕ್ಕೆ ಈ ಟೇಪು ಎಲ್ಲಿಂದ ಬಂತೆಂದು ಗಜಾಲಾ ಕಣ್ಣು ಕಣ್ಣು ಬಿಡುವಷ್ಟರಲ್ಲಿ ರಮಾ ಓಡಿಬಂದಿದ್ದಳು. ಟೇಪನ್ನು ನೋಡಿ ಅವಳ ಮುಖ ದೀಪ ಹಚ್ಚಿದ ಹಾಗಾಯಿತು.

"ಇಷ್ಟು ಬೇಗ ಬಂತಾ? ಕೊಂಡಿದ್ದರ ಮೆಸೇಜ್ ಮಾತ್ರ ಯಾವಾಗ್ಲೂ ತಡ. ಗೇಟ್ ಹತ್ರಾನೇ ಹೋಗಿ ಇಸ್ಕೊಂಡ್ರಾ? ಥ್ಯಾಂಕ್ಸ್ ಕಣ್ರೀ." ಗಜಾಲಾ ಬಾಯಿ ತೆರೆದಳು. ರಮಾ ಅವಳ ಕೈ ಅದುಮಿ ದನಿ ತಗ್ಗಿಸಿದಳು. "ಏನೂ ಹೇಳ್ಬೇಡಿ. ನಿಮ್ಮಕ್ಕಂಗೆ ಬೇಜಾರಾಗುತ್ತೆ. ನಮ್ಮಿಬ್ರಲ್ಲೇ ಇರ್ಲಿ."

ಮಹಡಿ ಹತ್ತಿ ಡಬ್ಬ ಇಳಿಸುವ ಮೊದಲೇ ನಸೀಮಾ ಬಂದು ಟೇಪನ್ನು ಬೆರಳಿಂದ ಸವರಿ, ತಂಗಿಯನ್ನು ತಬ್ಬಿಕೊಂಡಳು. ರಮಾಗೆ ತಿಳಿದರೆ ಪಾಪ ನೊಂದುಕೊಳ್ಳುತ್ತಾಳೆ, ಎಷ್ಟಾದರೂ ಮನೆ ಮಾಲೀಕರು, ನಾವಿಬ್ಬರೂ ಬಾಯಿ ಬಿಡುವುದು ಬೇಡ ಎಂದು ಅವಳೇ ಎಚ್ಚರಿಕೆ ಹೇಳಿ, ಒಂದು ಡಬ್ಬಿ ಸಿಹಿ ಶಾವಿಗೆಯ ಶೀರ್ ಖುರ್ಮಾ ಇಟ್ಟುಹೋದಳು. ರುಮಾನಾ ಏನೋ ಹೇಳಲು ಅಮ್ಮನ ಸೆರಗು ಜಗ್ಗಿದಳು. ಗಜಾಲಾ ಅವಳ ಬಾಯಿಗೊಂದು ಚಮಚ ಖುರ್ಮಾ ಇಟ್ಟಳು.

ತಾನು ಒಂದು ಸುಳ್ಳೂ ಹೇಳಿರಲಿಲ್ಲ. ಹೇಳಲು ಬಿಟ್ಟಿದ್ದರೆ ತಾನೇ? ದುಡ್ಡು ಬರದೆ ಹೋದಾಗ ಸೈಟಿನವರನ್ನು ಬೈಯುವುದು ಇಬ್ಬರಿಗೂ ಅಭ್ಯಾಸವೇ ಆಗಿತ್ತು, ಈ ಸಲವೂ ಬೈಯುತ್ತಾರೆ. ಎಷ್ಟೋ ದಿನದ ಮೇಲೆ ಗಜಾಲಾಗೆ ಹಾಡಿಕೊಳ್ಳುತ್ತಾ ಪಾತ್ರೆ ತೊಳೆಯಬೇಕು ಅನಿಸಿತು, ತೊಳೆದಳು.

ಸಂಜೆ ಹೊಸ ಮಿಕ್ಸಿಯ ಮೊದಲ ಚಟ್ನಿಗೆ ಎಲ್ಲರೂ ಸೇರಿದರು. ಮುನಿಶಾಮಮ್ಮ ಒಂದು ತೆಂಗಿನಕಾಯಿ ತಂದು ಮಿಕ್ಸಿಯ ಮುಂದಿಟ್ಟರು. ನಸೀಮಾ ಬಿಸ್ಮಿಲ್ಲಾ ಎಂದು ಗುಂಡಿ ತಿರುಗಿಸಿದಳು. ಮಿಕ್ಸಿ ಸೊಗಸಾಗಿ ಗುಡುಗಿತು. ಬಿಸಿ ದೋಸೆ ತಟ್ಟೆಗೆ ಬೀಳುತ್ತಿದ್ದಂತೆ ರಮಾ ಗಜಾಲಾಳತ್ತ ನೋಡಿ ಗುಟ್ಟಾಗಿ ನಕ್ಕಳು. ಅತ್ತ ತಿರುಗಿದರೆ ನಸೀಮಾ ಗುಟ್ಟಾಗಿ ನಕ್ಕಳು. ಎರಡು ಕಡೆಗೂ ನಕ್ಕು ನಕ್ಕು ಗಜಾಲಾಳ ಕೆನ್ನೆ ನೋಯತೊಡಗಿತು.

ಮುನಿಶಾಮಮ್ಮ ಚಟ್ನಿ ನೆಕ್ಕಿ, ಬೆರಳು ಒರೆಸಿಕೊಂಡರು. "ನುಣ್ಣಗೆ ಆಗೈತೆ. ಮನೆ ಇಸ್ಯ ಯೋಚ್ನೆ ಮಾಡ್ಬೇಡ ಕಣಮ್ಮ. ಇದ್ದಂಗೇ ಇರಿ, ಬಾಡ್ಗೆನೂ ಏರ್ಸಕಿಲ್ಲ. ನಾಳೀಕೆ ನಮ್ ಮಗ ಸುನೀಲ ಕರಾರು ಬರ್ಕೊಟ್ಟ ಮ್ಯಾಕೆ ನಿನ್ ಗಂಡನ ಕೈಲಿ ಸೈನ್ ಆಕಿಸು."

ಗಜಾಲಾಳ ಕಣ್ಣು ತುಂಬಿ ಬಂತು. ಇನ್ನೊಂದು ದೋಸೆ ಹಾಕಲು ಅವಳು ಒಲೆಯತ್ತ ತಿರುಗಿದಳು. ಖುರ್ಮಾ, ಚಾಕೊಲೇಟು, ದೋಸೆ ಎಲ್ಲ ಮುಗಿದು ರುಮಾನಾಳ ಬಾಯಿ ಆಗಷ್ಟೇ ಖಾಲಿಯಾಗಿತ್ತು. ನಾಲ್ಕು ಜನ ಕೂತಾಗ ಎಲ್ಲರಿಗೂ ತಿಳಿಯುವ ಹಾಗೆ ಮಾತಾಡಬೇಕೆಂದು ಅಮ್ಮ ಕಲಿಸಿದ್ದಳು. ಅದಕ್ಕೆ ಅವಳು ಮನೆಯಲ್ಲಾಡುವ ಉರ್ದು ಬಿಟ್ಟು, ಕನ್ನಡದಲ್ಲಿ, ಸ್ಪಷ್ಟವಾಗಿ ಕೇಳಿದಳು:

"ಅಮ್ಮಿ, ಆ ಅಂಗಡಿ ತಾತ ನಂಗೆ ಫೋನಲ್ಲಿ ತೋರಿಸಿದ್ರು. ಈ ಮಿಕ್ಸಿನ ಅವ್ರು ಆನ್‌ಲೈನಲ್ಲಿ ತರಿಸಿ ನಮಗೆ ಮಾರಿದ್ದಂತೆ, ಕ್ಯಾಶ್‌ಬ್ಯಾಕ್ ಅವ್ರಿಗೇ ಬಂದುಬಿಟ್ಟಿದೆಯಂತೆ. ಮತ್ತೆ ರಮಾ ಆಂಟಿಗೂ ನಸೀಮಾ ಖಾಲಾಗೂ ಯಾವುದು ಬರುತ್ತೆ?"