ಭೂಮಿ ಹೊಟ್ಟಿಯೊಳಗ ಹಂಗಾಮಿ ನೌಕರಿ

ನಗಿ ಬರೋವಂಥಾ ಪ್ರಸಂಗ ಮಂದಿಗೆ ವರ್ಷಕ್ಕ ಒಂದೆರಡು ಘಟಿಸ್ತಾವ. ನನಗ ಮಾತ್ರ ಬೆನ್ನ ಹತ್ತಿ ಬರ್ತಾವ, ಊರಿಗೆ ಹೊಸಬರು ಬಂದ್ರ ನಾಯಿ ಬೆನ್ನ ಹತ್ತಿದಂಗ. ನಗೋರು ಅವರು, ಕಡಿಸ್ಕೊಳ್ಳಾಕಿ ನಾನು.

ನನ್ನ ಕೆಲಸಾ ಏನಂತ ಮೊದಲ ಹೇಳಿಬಿಡ್ತೀನಿ. ನಮ್ಮೂರು ಮರಾಠಿ ಗಡಿಯಾಗಿನ ಜತ್ತ ತಾಲೂಕಿನ ಮುಚ್ಚಂಡಿ, ಕುರಿ ಕಾಯೋ ಮನಿತನ. ನಾ ಪಿಎಚ್.ಡಿ. ಮುಗಿಸಿ ದೂರದ ಶಹರದ ಒಂದು ಪ್ರಯೋಗಶಾಲಾದಾಗ ಪೋಸ್ಟ್‌ಡಾಕ್ ಅಂತ ಇದ್ದೆ. ಅಂದ್ರ ಕಲಿಯೋದೂ ಮುಗದಿಲ್ಲ, ನೌಕರಿನೂ ಸುರು ಆಗಿಲ್ಲ, ನಡುವ ತ್ರಿಶಂಕು. ಭೂಮಿಯ ಭಾಳ ಆಳದಾಗ ಕಲ್ಲು ಹ್ಯಾಂಗ ಇರ್ತಾವ, ಅವುಗಳ ಒಳಗ ನೀರಿನ ಅಂಶ ಎಷ್ಟಿರ್ತದ ಅಂತ ನೋಡೋದು ನನ್ನ ಉದ್ಯೋಗ. ಅಲ್ಲಿಗೆ ಯಾರೂ ಹೋಗಾಕ ಆಗೂದಿಲ್ಲ. ಅದಕ್ಕ ಎರಡು ವಜ್ರದ ತುದಿ ನಡುವ ಖನಿಜದ ಒಂದು ಚೂರು ಇಟ್ಟು, ಜೋರ ಒತ್ತಿ, ಲೇಸರ್ ಬಿಟ್ಟು ಕಾಸಿ, ಭೂಮಿ ಹೊಟ್ಟಿಯೊಳಗಿನ ಪರಿಸ್ಥಿತಿ ಮೇಜಿನ ಮ್ಯಾಲ ತಯಾರ ಮಾಡ್ತೀವಿ. ಚೂರು ಎಷ್ಟು ಸಣ್ಣದಂದ್ರ, ಅದರ ಮುಂದ ಗಸಗಸಿ ಕಾಳು ಕುಂಬಳಕಾಯಿ.

ಕರಾರು ವರ್ಷ ವರ್ಷಕ್ಕ. ಹೋದ ಸಲ ನಮ್ಮ ಪ್ರಯೋಗಶಾಲಾದ ಸರ್ ಸಾಫ್ ಹೇಳಿಬಿಟ್ರು: "ಇದು ಕಡೀ ವರ್ಷ. ಎಲ್ಲ್ಯಾರ ಪರ್ಮನೆಂಟ್ ಜಾಗಾ ಹುಡಕೋ. ಸಿಗಲಿಲ್ಲಂದ್ರ ಈ ಸಂಶೋಧನಾ ಮರತಬಿಡು." ಮರೀಬೇಕಂತ! ನನ್ನ ಹರೇ ಎಲ್ಲಾ ತಂದು ಇದರಾಗ ಸುರವೀನಿ. ಅದಕ್ಕ ಈ ಪ್ರಸಂಗಗಳೊಳಗ ನಗಿ ಎಷ್ಟದನೋ ಹೊಟ್ಟಿಉರಿನೂ ಅಷ್ಟ ಅದ.

ವಜ್ರಾ ನೋಡಾಕ ಬಂದವರು

ವಜ್ರದ ಸಂಗತಿ ನಾ ಮನ್ಯಾಗ ಹೇಳಬಾರದಿತ್ತು. ಅವ್ವಗ ಹೇಳಿದೆ. ಅವ್ವ ಸುಮ್ಮ ಕುಂಡ್ರಾಕಿ ಅಲ್ಲ. "ನಮ್ಮ ಹುಡುಗಿ ದಿನಾ ವಜ್ರದಾಗ ಕೆಲಸಾ ಮಾಡ್ತಾಳ" ಅಂತ ಬೀಗರ ಪೈಕಿ ಎಲ್ಲಾರಿಗೂ ಸಾರಿಬಿಟ್ಲು. ವಯಸ್ಸಾತು ಅಂತ ಇಷ್ಟು ದಿನ ಮುಖಾ ತಿರುವತಿದ್ದ ಮಂದಿ ಒಮ್ಮೆಲೆ ಜೀಪ್ ಮಾಡಿಕೊಂಡು ಕನ್ಯಾ ನೋಡಾಕ ಬಂದ್ರು.

ಅವಲಕ್ಕಿ, ಚಹಾ ಆತು. ಹುಡುಗನ ಅಪ್ಪ ಮೀಸಿ ಒರಸ್ಕೊಂಡು ಕೇಳಿದ, "ವಜ್ರಾ ಮನಿಗೆ ತರ್ತಿಯೇನವಾ?"

"ಇಲ್ಲರಿ, ಅವು ಸರಕಾರದ್ವು."

"ಮತ್ತ ದಿನಾ ಏನ ಮಾಡ್ತಿ ಅವನ್ನ?"

"ಒತ್ತತೀನ್ರಿ. ಒಮ್ಮೊಮ್ಮೆ ಭಾಳ ಒತ್ತಿದ್ರ ಒಡೀತಾವ."

ಹುಡುಗ ಬಾಗಲದಾಗಿನ ತನ್ನ ಚಪ್ಪಲಿ ನೋಡಾಕತ್ತಿದ. ಹುಡುಗನ ಅವ್ವ ಎದ್ದು ಸೆರಗ ಝಾಡಿಸಿದ್ಲು. ಜೀಪಿನ ಹತ್ರ ಹೋಗಿ, ನಮಗ ಕೇಳಲಿ ಅಂತನ ಜೋರಲೆ ಅಂದ್ಲು: "ವಜ್ರಾ ಒಡಿಯೋ ಹುಡುಗಿ ನಮ್ಮನಿ ಗಡಿಗಿ ಉಳಸ್ತಾಳೇನ್ರಿ?"

ಮುತ್ತೈದಿ

ನಮ್ಮ ಸರ್ ಇಡೀ ಜಗತ್ತಿಗೆ ವಿಜ್ಞಾನ ಹೇಳ್ತಾರ. ಖಂಡೇನವಮಿ ಬಂತಂದ್ರ ಮಾತ್ರ ಪ್ರಯೋಗಶಾಲಾದ ಎಲ್ಲಾ ಯಂತ್ರಕ್ಕೂ ತಮ್ಮ ಕೈಯಾರೆ ಅರಿಶಿಣಾ ಕುಂಕುಮಾ ಹಚ್ಚಿ, ಚಂಡು ಹೂವಿನ ಮಾಲಿ ಹಾಕಿ, ಕಾಯಿ ಒಡೀತಾರ. ಲೇಸರಿಗೂ ಕುಂಕುಮಾ. ವಜ್ರದ ಯಂತ್ರಕ್ಕೂ ಕುಂಕುಮಾ. "ಸರ್, ಇದರೊಳಗ ಧೂಳ ಕೂಡಾ ಹೋಗಬಾರದು" ಅಂದೆ. "ಇದು ಧೂಳಲ್ಲ, ಭಕ್ತಿ" ಅಂದ್ರು. ಕುರಿ ಕೇಳಿ ಮಸಾಲಿ ಅರೀತಾರೇನು!

ಪೂಜಿ ಆದ ಮ್ಯಾಲ ಹೊಸ ಚೂರು ಇಟ್ಟು ಒತ್ತಿದೆ. ಸೂಕ್ಷ್ಮದರ್ಶಕದಾಗ ನೋಡಿದ್ರ ಒಳಗ ಕೆಂಪಗ ಏನೋ ಮಿಂಚಾಕತ್ತಿತ್ತು. ಸರ್ ನನ್ನ ಸರಿಸಿ ತಾವ ಬಗ್ಗಿ ನೋಡಿದ್ರು. ಒಮ್ಮೆಲೆ ಒದರಿದ್ರು, "ಒತ್ತಡಕ್ಕ ಖನಿಜ ಬಣ್ಣಾ ಬದಲಿ ಮಾಡೇದ! ಇದು ಯಾರೂ ಕಂಡಿಲ್ಲದ ಹೊಸಾ ರೂಪ!" ಸಂಜಿ ಒಳಗ ಡೈರೆಕ್ಟರಿಗೆ ಫೋನ್ ಹೋತು, ಪೇಢೆ ಬಂತು. ಲೇಖನ ಬರಿಯೋದೂ ಸುರು ಆತು. ಮೊದಲನೇ ಹೆಸರು ಸರ್‌ದು. ನನ್ನ ಹೆಸರು ಕೆಳಗ, ಚಹಾ ಕುಡಿಯಾಕ ಬಂದಿದ್ದ ಒಬ್ಬರ ಹೆಸರಿನ ಕೆಳಗ.

ನನಗ ಮನಸ್ಸಿನ್ಯಾಗ ಕೊರಿತಿತ್ತು. ಯಂತ್ರಾ ಬಿಚ್ಚಿ ಆ ಕೆಂಪ ಕಣಾ ಪರೀಕ್ಷಾಕ್ಕ ಹಚ್ಚಿದೆ. ಪ್ಯಾಟಿ ಕುಂಕುಮದ ಬಣ್ಣ.

ಸರ್ ಅಂದಿನಿಂದ ಆ ಮಾತ ಎತ್ತಲಿಲ್ಲ. ಪ್ರಯೋಗ ಹಾಳಾತು ಅಂತ ಮ್ಯಾಲಿನವರಿಗೆ ತಿಳಿಸೋ ಮುಂದ ಮಾತ್ರ ನನ್ನ ಹೆಸರು ಮೊದಲನೇದಾತು. ಒಂದು ವರ್ಷದ ದುಡಿಮಿ ನೀರಾಗ ಹೋತು. ಭೂಮಿತಾಯಿ ಒಳಗ ಮುತ್ತೈದಿ ಅದಾಳ ಅನ್ನೋದೊಂದ ನಾವು ಸಾಬೀತು ಮಾಡಿದ್ದು.

ಬಳಿ ಅಂಗಡಿ

ಜತ್ತಿನ ಪ್ಯಾಟ್ಯಾಗ ನಮ್ಮ ಮನಿತನಕ್ಕ ಬಳಿ ಇಡೋ ಒಬ್ಬ ಚಾಚಾ ಇದ್ದಾರ. ಕನ್ನಡಾ ಮಾತಾಡ್ತಾರ, ನಡುನಡುವ ಉರ್ದು. ನನ್ನ ಕೈ ಹಿಚಕಿ ಹಿಚಕಿ ಬಳಿ ಏರಸ್ತಾ ಕೇಳಿದ್ರು, "ಕ್ಯಾ ಕೆಲಸಾ ಮಾಡ್ತಿ ಬೇಟಿ?"

"ಭೂಮಿ ಒಳಗಿನ ಕಲ್ಲು ಎಷ್ಟು ಒತ್ತಡಾ ತಡಕೋತದ ಅಂತ ನೋಡ್ತೀನಿ, ಚಾಚಾ."

"ತಡಕೊಂಡ್ರ?"

"ಇನ್ನೂ ಒತ್ತತೀವಿ. ಕಾಸ್ತೀವಿ."

"ಅದನ್ನೂ ತಡಕೊಂಡ್ರ?"

"ಇನ್ನೂ ಜಾಸ್ತಿ."

"ಒಡದ್ರ?"

"ಬ್ಯಾರೆ ತಂದು ಇಡ್ತೀವಿ."

ಚಾಚಾ ಬಳಿ ಕೈಯಾಗ ಹಿಡಕೊಂಡು ನನ್ನ ಮುಖಾನ ನೋಡಿದ್ರು. "ಯಾ ಅಲ್ಲಾ! ಇದರಾಗ ಸಂಶೋಧನಾ ಏನದ ಬೇಟಿ, ಇದು ಅತ್ತಿಮನಿ!"

ಎಷ್ಟನೇ ಇಯತ್ತಾ

ಜನವರಿ ಇಪ್ಪತ್ತಾರರ ಝೆಂಡಾಕ್ಕ ಊರ ಸಾಲಿಯವರು ನನ್ನ ಕರದ್ರು. ಸಾಲಿ ಹೆಸರು ಮ್ಯಾಲ ತಂದವರ ಸತ್ಕಾರ ಅಂತ. ನನ್ನ ಜೋಡಿ ನನ್ನ ವರ್ಗದಾಗ ಇದ್ದಂವ ಇನ್ನೊಬ್ಬ. ಹತ್ತನೇದಾಗ ನನ್ನ ಪೇಪರ್ ನೋಡಿ ಬರದಂವ, ನನ್ನ ತಪ್ಪೂ ತಪ್ಪಿಲ್ಲದಂಗ ಬರದಂವ. ಪೋಲೀಸ್ ಭರತಿ ಆಗಿ ಮೊನ್ನೆ ಪರ್ಮನೆಂಟ್ ಆಗ್ಯಾನ.

ಅವಗ ಶಾಲು, ಮಾಲಿ, ತಲಿಗೆ ಫೇಟಾ. ನನಗ ಒಂದು ಗುಲಾಬಿ.

ಹೆಡ್ ಮಾಸ್ತರು ಮೈಕಿನ್ಯಾಗ ಅಂದ್ರು, "ಈ ತಂಗೀನೂ ನಮ್ಮ ಸಾಲಿಯಾಕಿನ. ಭಾಳ ಶ್ಯಾಣ್ಯಾಕಿ. ಇನ್ನೂ ಕಲಿಯಾಕತ್ತಾಳ." ಮುಂದ ನೆಲದ ಮ್ಯಾಲ ಕುಂತಿದ್ದ ಒಬ್ಬ ಅಜ್ಜಿ ಸೆರಗ ಸರಿ ಮಾಡಿಕೊಂಡು, "ಎಷ್ಟನೇ ಇಯತ್ತಾ?" ಅಂತ ಕೇಳಿದ್ಲು. ನಮ್ಮ ಕಡೆ ವರ್ಗಕ್ಕ ಮರಾಠಿಯಂಗ ಇಯತ್ತಾ ಅಂತೀವಿ. ಮಾಸ್ತರರು ಮೈಕ್ ನನ್ನ ಕಡೆ ಹಿಡದ್ರು. ನನಗಾದ್ರೂ ಎಲ್ಲಿ ಗೊತ್ತು?

ಅಜ್ಜಿ ನಿಟ್ಟುಸಿರ ಬಿಟ್ಟು ಬಾಜೂಕಿನಾಕಿಗೆ ಹೇಳಿದ್ಲು: "ನಮ್ಮ ಮೊಮ್ಮಗ ದಡ್ಡ ಅಂತಿದ್ವಿ. ಅಂವ ಬರೇ ಎರಡು ಸಲ ನಪಾಸಾಗಿ ಬಿಟ್ಟ. ಈಕಿದು ನೋಡ, ಕೂದಲಾ ಬೆಳ್ಳಗಾದ್ರೂ ಪಾಸ ಮಾಡವಲ್ರು."

ಮೂರು ಕಲ್ಲು

ಇನ್ನ ಕಡೀ ಪ್ರಸಂಗ. ಇದನ್ನ ಹೇಳೋ ಮುಂದ ನಗಬೇಕೋ ಅಳಬೇಕೋ ನನಗ ಇನ್ನೂ ತಿಳಿದಿಲ್ಲ.

ಕರಾರು ಮುಗೀತು, ಖೋಲಿ ಬಿಡಿಸಿದ್ರು, ಟ್ರಂಕ್ ತಗೊಂಡು ಮುಚ್ಚಂಡಿಗೆ ಬಂದು ಕುಂತಿದ್ದೆ. ಆವಾಗ ಒಂದು ದೊಡ್ಡ ಸಂಸ್ಥಾದಿಂದ ಮೇಲ್ ಬಂತು. ನನ್ನ ವಿಷಯದ್ದ, ಪರ್ಮನೆಂಟ್ ಜಾಗಾ. ವಿಡಿಯೋ ಮ್ಯಾಲ ಸಂದರ್ಶನಾ. ಇದೊಂದು ಸಿಕ್ರ ಬದುಕಿದೆ, ಇಲ್ಲಂದ್ರ ಎಲ್ಲಾ ಮುಗೀತು. ಅವ್ವ ಅವತ್ತಿಂದ ಉಪಾಸಾ ಹಿಡದ್ಲು.

ಮನ್ಯಾಗ ಫೋನಿಗೆ ರೇಂಜ್ ಬರೂದಿಲ್ಲ. ಹಿಂದಿನ ದಿನ ಕಾಕಾನ ಹೊಲಕ್ಕ ಹೋದೆ. ಫೋನ್ ಅಂಗೈ ಮ್ಯಾಲ ಅಡ್ಡ ಇಟಗೊಂಡು, ಅದನ್ನ ನೋಡ್ತಾ ಎರಡು ಹೆಜ್ಜಿ ನಡಿಯೋದು, ನಿಂದರೋದು, ತಿರಗೋದು, ಮತ್ತ ನಡಿಯೋದು. ಒಂದು ಕಡೆ ರೇಂಜ್ ಪೂರಾ ಬಂತು. ನಾಳೆ ಖುರ್ಚಿ ಇಲ್ಲೇ ಹಾಕಬೇಕು ಅಂತ ಗುರುತಿಗೆ ಮೂರು ಕಲ್ಲು ಇಟ್ಟು ಬಂದೆ.

ಬದುವಿನ ಮ್ಯಾಲ ಕುರಿ ಜೋಡಿ ನಿಂತಿದ್ದ ಕಾಕಾ ಇದನ್ನೆಲ್ಲಾ ನೋಡಿದಾನ. ನಮ್ಮ ಕಡೆ ಬೋರ್ ಹಾಕೋಕಿಂತ ಮೊದಲ ಪಾಯಿಂಟ್ ತೋರಸೋರನ್ನ ಕರಸ್ತಾರ. ಅವರು ಅಂಗೈ ಮ್ಯಾಲ ತೆಂಗಿನಕಾಯಿ ಅಡ್ಡ ಇಟಗೊಂಡು ಹೊಲಾ ತುಂಬ ಹಿಂಗ ನಡೀತಾರ. ಕಾಯಿ ಎಲ್ಲಿ ಎದ್ದು ನಿಂದರ್ತದೋ ಅಲ್ಲಿ ನೀರು. ಅಲ್ಲಿ ಕಲ್ಲು ಇಡ್ತಾರ. ಕಾಕಾ ಲೆಕ್ಕಾ ಹಾಕಿದ: ಹುಡುಗಿ ಭೂಮಿ ಒಳಗಿನ ವಿದ್ಯಾ ಕಲತಾಳ, ಕಲತವರು ಕಾಯಿ ಬದಲಿ ಫೋನ್ ಇಡ್ತಾರ. ಕಲ್ಲಿಗೆ ಅರಿಶಿಣದ ಭಂಡಾರಾ ಹಚ್ಚಿ, ಊದಿನಕಡ್ಡಿ ಹಚ್ಚಿ, ಜತ್ತಿಗೆ ಬೋರಿನ ಗಾಡಿಗೆ ಫೋನ್ ಮಾಡಿಬಿಟ್ಟ. ನನಗ ಒಂದು ಮಾತ ಕೇಳಲಿಲ್ಲ.

ಮರುದಿನ ಇಸ್ತ್ರಿ ಸೀರಿ ಉಟಗೊಂಡು, ಖುರ್ಚಿ ಹೊತಗೊಂಡು ಹೋದ್ರ ನನ್ನ ರೇಂಜಿನ ಮ್ಯಾಲ ಬೋರಿನ ಗಾಡಿ ನಿಂತು ಗುಡಗಾಕತ್ತದ!

"ಕಾಕಾ! ಅದು ಪಾಯಿಂಟ್ ಅಲ್ಲೋ! ಅದು ರೇಂಜ್ ಬರೋ ಜಾಗಾ!"

"ರೇಂಜ್ ಬರೋದಲ್ಲಿ ನೀರೂ ಬರ್ತದ ತಗೋ."

"ನಿಂದರಸಂತ ಹೇಳು! ನನ್ನ ನೌಕರಿ ಹೋಗ್ತದ!"

"ಸುರು ಆದ ಬೋರ್ ನಡುವ ನಿಂದರಸಬಾರದವಾ. ಅಪಶಕುನ."

ಅಷ್ಟರಾಗ ಫೋನ್ ಹೊಡಕೊಂತು. ರೇಂಜ್ ಇದ್ದದ್ದ ಅಲ್ಲಿ, ಓಡಿ ಹೋಗಿ ಗಾಡಿ ಗಾಲಿ ಹತ್ರನ ನಿಂತೆ. ಪರದೆ ಮ್ಯಾಲ ಕೋಟು ಹಾಕಿದ ನಾಲ್ಕೈದು ಮಂದಿ ದೊಡ್ಡವರು. ನಡುವ ಅಧ್ಯಕ್ಷರು. "ಅದೇನು ಸಪ್ಪಳಾ?" ಅಂತ ಕೇಳಿದ್ರು. "ಸಣ್ಣ ಕೆಲಸಾ ನಡದದ ಸರ್" ಅಂತ ಕಿರಚಿದೆ. ನನ್ನ ಸಂಶೋಧನಾ ಬಗ್ಗೆ ಹೇಳು ಅಂದ್ರು. ಧೂಳು ನುಂಗಕೋತ, ಗಂಟಲಾ ಹರಕೊಂಡು, ಆರುನೂರು ಕಿಲೋಮೀಟರ್ ಆಳದ ಖನಿಜದಾಗೂ ವಾಟರ್ ಅದ ಅಂತ ಇಂಗ್ಲಿಷಿನ್ಯಾಗ ಒದರಿದೆ.

ಕಾಕಾಗ ಇಂಗ್ಲಿಷ್ ಬರೂದಿಲ್ಲ. ವಾಟರ್, ಕಿಲೋಮೀಟರ್ ಇವೆರಡು ತಿಳೀತಾವ. ಗಾಬರಿಯಾಗಿ ನನ್ನ ಹೆಗಲ ಮ್ಯಾಲಿಂದ ಪರದೆದಾಗ ಮುಖಾ ಹಾಕಿ ಕೈ ಮುಗದ: "ಅಷ್ಟು ಆಳ ಬ್ಯಾಡ್ರಿ ಸಾಹೇಬ್ರ! ನಮಗ ಆರುನೂರು ಫೂಟಿಗೆ ಬಿದ್ರ ಸಾಕು!"

ಅವನ ಬಾಯಿ ಮುಚ್ಚೋದರೊಳಗ ಹಿಂದ ಭುಸ್ ಅಂತ ನೀರು ಬಿತ್ತು. ಬೂದಿ ಬಣ್ಣದ ರಾಡಿ ಮ್ಯಾಲ ಹಾರಿ ನನ್ನ ತಲಿ, ಸೀರಿ, ಫೋನ್ ಎಲ್ಲಾ ತೊಯ್ಸಿತು. ಮಂದಿ ಭಂಡಾರಾ ಹಾರಸಿ ಕುಣದ್ರು. ಅಧ್ಯಕ್ಷರು ಕನ್ನಡಕಾ ತಗದು ಪರದೆ ಹತ್ರ ಬಂದದ್ದು ಕಂಡಿತು, ಆಮ್ಯಾಲ ಫೋನ್ ಬಂದ್ ಬಿತ್ತು. ನಾ ರಾಡ್ಯಾಗ ಕುಂತು ಹೋ ಅಂತ ಅತ್ತೆ. "ಖುಷಿಗೆ ಅಳಾಕತ್ತಾಳ ನೋಡ್ರಿ" ಅಂತ ಹೆಣ್ಣಮಕ್ಕಳು ನನ್ನ ಎಬ್ಬಿಸಿ ಕುಂಡ್ರಿಸಿ, ಖಣಾ ಕಾಯಿ ಹಾಕಿ ಉಡಿ ತುಂಬಿದ್ರು.

ಫೋನ್ ಬಿಸಲಾಗ ಒಣಗಿಸಿ ಮತ್ತ ಸುರು ಮಾಡಿದ್ದೆ. ವಾರದ ಮ್ಯಾಲ ಕಾಕಾನ ಹೊಲದಾಗ ಇದ್ದಾಗ ಫೋನ್ ಬಂತು. ಆ ಅಧ್ಯಕ್ಷರು, ಸ್ವತಾ! ಅವ್ವ ಬುತ್ತಿ ಗಂಟು ಕೆಳಗಿಟ್ಟು ನನ್ನ ಕೈ ಹಿಡಕೊಂಡ್ಲು.

"ನಿಮ್ಮ ಸಂಶೋಧನಾ ಉತ್ತಮ ಅದ" ಅಂದ್ರು ಅವರು. "ಜಾಗಾ ಬ್ಯಾರೆಯವರಿಗೆ ಆತು, ಅದಿರಲಿ. ಅವತ್ತ ನೀರು ಬಿತ್ತಲ್ಲ, ಆ ಪಾಯಿಂಟ್ ನೀವ ತೋರಿಸಿದ್ದೇನು?"

"ಹೌದ್ರಿ" ಅಂದುಬಿಟ್ಟೆ. ಬ್ಯಾರೆ ಏನ ಅನ್ನಲಿ?

ಅವರ ದನಿ ಸಣ್ಣದಾತು. "ಶಹರದ ಹೊರಗ ನಂದೊಂದು ಹೊಲ ಅದ. ಎಲ್ಲಿ ಹಾಕಿದ್ರೂ ಬೋರ್ ಫೇಲ್. ಯಾರಿಗೂ ಹೇಳಬ್ಯಾಡ್ರಿ, ನಾ ವಿಜ್ಞಾನಿ. ಒಮ್ಮೆ ಬಂದು ನೋಡ್ತೀರೇನು? ಈಗ ಹ್ಯಾಂಗೂ ಖಾಲೀನ ಅದೀರಲ್ಲ."

ಫೋನ್ ಇಟ್ಟೆ. ಅವ್ವ ನನ್ನ ಕೈ ಬಿಟ್ಟಿರಲಿಲ್ಲ. "ಕೆಲಸಾ ಸಿಕ್ತೇನವಾ?"

"ಸಿಕ್ತವ್ವಾ."

"ಪರ್ಮನೆಂಟೇನು?"

"ನೀರು ಬೀಳೋತನಕ."