ಮ್ಯಾನೇಜರ್ ನೋಡುವ ಶಾಸ್ತ್ರ

ಗಂಡಸರು ನಾಲ್ಕು ಜನ ಕೂಡಿ ಸಭೆ ಮಾಡಿದರೆ ಸಮಸ್ಯೆ ಬಗೆಹರಿಯುತ್ತದೆಯೋ ಇಲ್ಲವೋ ನನಗೆ ತಿಳಿಯದು, ಸಭೆ ನಡೆದ ಮನೆಯ ರವೆಯ ಡಬ್ಬಿ ಮಾತ್ರ ಖಂಡಿತ ಖಾಲಿಯಾಗುತ್ತದೆ. ದಾಂಡೇಲಿಯ ನಮ್ಮ ಮನೆಯ ಪಡಸಾಲೆಗೆ ಈ ಯೋಗ ಹತ್ತಿಕೊಂಡದ್ದು ನಮ್ಮ ಮನೆಯವರು ಹೊಳೆದಂಡೆ ಫುಟ್ಬಾಲ್ ಕ್ಲಬ್ಬಿನ ಸೆಕ್ರೆಟರಿ ಆದಂದಿನಿಂದ. ಹೊಟ್ಟೆಪಾಡಿಗೆ ಅವರದು ಕನ್ನಡಕದ ಅಂಗಡಿ. ಊರಿನ ಅರ್ಧ ಜನರಿಗೆ ದೂರದ್ದು, ಹತ್ತಿರದ್ದು ಎರಡೂ ಕಾಣುವ ಹಾಗೆ ಮಾಡಿದವರು. ಆದರೆ ಸ್ವಂತ ಮನೆಯ ಗೇಟಿನ ಎದುರು ಏನು ನಡೆಯುತ್ತದೆ ಎಂಬುದು ಅವರ ಕಣ್ಣಿಗೆ ಬೀಳಬೇಕಾದರೆ ನಾನು ಬೆರಳು ಮಾಡಿ ತೋರಿಸಬೇಕು. ನಾನೋ ಕಾನ್ವೆಂಟಿನಲ್ಲಿ ಕಲಿತವಳು. ಒಳ್ಳೆಯ ಮನೆತನದ ಹುಡುಗಿ ಗೇಟಿಗೆ ಒರಗಿ ರಸ್ತೆ ನೋಡುತ್ತ ನಿಲ್ಲಬಾರದು ಎಂದು ಸಿಸ್ಟರುಗಳು ಅಷ್ಟು ಸಲ ಹೇಳಿದ್ದರಿಂದಲೇ ಇರಬೇಕು, ಈ ವಯಸ್ಸಿನಲ್ಲಿ ನನಗೆ ಅದರಷ್ಟು ಪ್ರೀತಿಯ ಕೆಲಸ ಇನ್ನೊಂದಿಲ್ಲ.

ಕ್ಲಬ್ಬಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಹುಡುಗರು ಒಳ್ಳೆಯವರು. ಒಬ್ಬ ಮಿಲ್ಲಿನಲ್ಲಿ ಕೆಲಸಕ್ಕಿದ್ದಾನೆ, ಇನ್ನೊಬ್ಬ ಗ್ಯಾರೇಜಿನಲ್ಲಿ, ಮತ್ತೊಬ್ಬ ಕುಂಬಾರವಾಡದಿಂದ ಬಸ್ಸು ಸಿಕ್ಕ ದಿನ ಬರುತ್ತಾನೆ. ಕ್ಯಾಪ್ಟನ್ನಿನ ಹೆಸರು ಅಂತು, ಗಣೇಶಗುಡಿಯಲ್ಲಿ ಪ್ರವಾಸಿಗರನ್ನು ರಬ್ಬರ್ ದೋಣಿಯಲ್ಲಿ ಕೂರಿಸಿ ಕಾಳಿ ಹೊಳೆಯ ಸುಳಿಗಳಲ್ಲಿ ಇಳಿಸುವವನು. ಇಷ್ಟೆಲ್ಲ ಗಟ್ಟಿಗರಿದ್ದೂ ಕಳೆದ ಲೀಗಿನಲ್ಲಿ ನಾವು ಹೊಡೆದ ಗೋಲೆಂದರೆ ನಮ್ಮದೇ ಬಲೆಯೊಳಗೆ ಹೊಡೆದದ್ದು. ಕಾರಣ ಸರಳ. ಒಬ್ಬ ಕೊಂಕಣಿಯಲ್ಲಿ ಕೂಗುತ್ತಾನೆ, ಒಬ್ಬ ಉರ್ದುವಿನಲ್ಲಿ ಬೈಯುತ್ತಾನೆ, ಉಳಿದವರು ನಮ್ಮ ಕನ್ನಡದಲ್ಲಿ ಇಬ್ಬರಿಗೂ ಉತ್ತರ ಕೊಡುತ್ತಾರೆ. ಅಷ್ಟರಲ್ಲಿ ಚೆಂಡು ಎದುರಾಳಿಗಳ ಜೊತೆ ಹೋಗಿರುತ್ತದೆ.

ಈ ಹುಡುಗರ ಮ್ಯಾನೇಜರು ಕೈತಾನ್ ಮಾಮ. ಮಿಲ್ಲಿನಿಂದ ನಿವೃತ್ತರಾದವರು, ಬಿಸಿಲಿರಲಿ ಮಳೆಯಿರಲಿ ಕೊಡೆ ಹಿಡಿದೇ ಗ್ರೌಂಡಿಗೆ ಬರುವವರು. ಪ್ರತಿ ವರ್ಷ ಲೀಗಿನ ಕೊನೆಯ ಮ್ಯಾಚು ಸೋತ ಸಂಜೆ ಅವರು ನಮ್ಮ ಪಡಸಾಲೆಗೆ ಬಂದು, ಚೆಂಡು, ಕಾಲುಚೀಲ ತುಂಬಿದ ದೊಡ್ಡ ಚೀಲವನ್ನು ಧೊಪ್ಪನೆ ಇಳಿಸಿ, “ಸಾಕಪ್ಪಾ, ನನ್ನಿಂದ ಆಗೂದಿಲ್ಲ. ಹೊಸಬರನ್ನ ನೋಡ್ಕೊಳ್ರಿ” ಎಂದು ರಾಜೀನಾಮೆ ಕೊಡುತ್ತಾರೆ. ಒಂದು ವಾರ ಬಿಟ್ಟು ಕ್ಲಬ್ಬಿನವರು ಅವರ ಮನೆಗೆ ಹೋಗಬೇಕು. ಅವರು ಬೇಡ ಅನ್ನಬೇಕು, ಇವರು ಕೈ ಹಿಡಿಯಬೇಕು, ಅವರ ಹೆಂಡತಿ ತೆಂಗಿನಕಾಯಿ-ಬೆಲ್ಲದ ಸಿಹಿ ದೋದೋಲ್ ತಂದಿಡಬೇಕು, ಅದು ಮುಗಿಯುವ ಹೊತ್ತಿಗೆ ಮಾಮ ಸಿಟ್ಟು ಇಳಿಸಿಕೊಳ್ಳಬೇಕು. ಮದುವೆಯಲ್ಲಿ ಮದುಮಗ ಮುನಿಸಿಕೊಂಡ ಹಾಗೆ. ಅವನು ನಿಜವಾಗಿ ಎದ್ದು ಹೋಗುತ್ತಾನೆ ಎಂದು ಯಾರೂ ತಿಳಿಯುವುದಿಲ್ಲ, ಆದರೆ ಸಮಾಧಾನ ಮಾಡದೆ ಬಿಡುವುದೂ ಇಲ್ಲ.

ಈ ವರ್ಷ ಮಾತ್ರ ಚೀಲ ನಮ್ಮ ಪಡಸಾಲೆಯಲ್ಲೇ ಉಳಿಯಿತು. ಮಳೆಗಾಲ ಪೂರ್ತಿ ಉಳಿಯಿತು. ಆ ಕಾಲುಚೀಲಗಳ ವಾಸನೆಗೆ ಬೆಕ್ಕು ಸಹ ನಮ್ಮ ಮನೆಯ ದಾರಿ ಬಿಟ್ಟಿತು. “ಈ ಸಲ ಮಾಮ ಖರೇನ ಬಿಟ್ಟಾರ” ಎಂದು ನಮ್ಮವರು ನಿಟ್ಟುಸಿರಿಟ್ಟರು. ಅಷ್ಟರಲ್ಲಿ ಲೀಗು ನಡೆಸುವವರಿಂದ ಸುದ್ದಿ ಬಂತು: ದಸರೆಯೊಳಗೆ ಮ್ಯಾನೇಜರ್ ಹೆಸರು ಕೊಡದಿದ್ದರೆ ಹೊಳೆದಂಡೆಯ ಜಾಗ ಅಂಬಿಕಾನಗರದ ಹುಡುಗರಿಗೆ. ಅದರ ಹಿಂದೆಯೇ ಹಳಿಯಾಳದ ಕ್ಲಬ್ಬಿನವರು ಅಂತುವನ್ನು ಕರೆದರಂತೆ. ಕ್ಯಾಪ್ಟನ್ ಹೋದರೆ ಉಳಿದವರೂ ಹೋಗುತ್ತಾರೆ, ಅಲ್ಲಿಗೆ ಕ್ಲಬ್ಬು ಮುಗಿಯಿತು. ನಮ್ಮವರು ಹರೆಯದಲ್ಲಿ ಇದೇ ಕ್ಲಬ್ಬಿನ ಗೋಲು ಕಾಯುವ ಗೋಲಿಯಾಗಿದ್ದವರು. ನನ್ನನ್ನು ನೋಡಲು ಬಂದಾಗ ನಮ್ಮ ಅಪ್ಪನಿಗೆ ಕೇಳಿದ ಮೊದಲ ಪ್ರಶ್ನೆ, “ಇಲ್ಲೆ ಹತ್ರ ಗ್ರೌಂಡ್ ಎಲ್ಲೈತ್ರಿ?” ಅಂಥವರು ಈಗ ಅಂಗಡಿಯಲ್ಲಿ ಕೂತು, ಒಂದೇ ಕನ್ನಡಕವನ್ನು ಬಟ್ಟೆಯಿಂದ ಒರೆಸುತ್ತ ಒರೆಸುತ್ತ ರಸ್ತೆ ನೋಡುತ್ತಿದ್ದರು. 

ಕ್ಲಬ್ಬಿನ ಅಧ್ಯಕ್ಷರು ಇಸ್ಮಾಯಿಲ್ ಭಾಯಿ. ಗ್ಯಾರೇಜಿನವರು, ಹುಡುಗರನ್ನು ಮ್ಯಾಚಿಗೆ ಹೊತ್ತೊಯ್ಯುವ ಟೆಂಪೋ ಅವರದೇ. ಅವರೇ ಉಪಾಯ ಹೇಳಿದರು. “ಗ್ರೌಂಡಿನ್ಯಾಗ ಮನಷ್ಯಾ ತಿಳಿಯಂಗಿಲ್ಲ ಸಾಹೇಬ್ರ. ಮನ್ಯಾಗ ಕುಂದ್ರಿಸಿ, ಚಾ ಕುಡಿಸಿ ನೋಡೂಣು. ವೈನಿ ಕೈಯಾಗಿನ ಶಿರಾ-ಉಪ್ಪಿಟ್ಟು ಇದ್ರ ಹೆಂಥಾವರೂ ಒಪ್ತಾರ.” ಹೀಗೆ ನಮ್ಮ ಪಡಸಾಲೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ ಆರಂಭವಾಯಿತು. ಗಂಡಿನ ಕಡೆಯವರಾಗಿ ನಮ್ಮವರು, ಇಸ್ಮಾಯಿಲ್ ಭಾಯಿ, ಅಂತು ಮೂವರೂ ಗೋಡೆಗೆ ಒರಗಿ ಕೂರುವುದು, ನಡುವಿನ ಕುರ್ಚಿಯಲ್ಲಿ ಬರಲಿರುವ ಮ್ಯಾನೇಜರು. ವಿಚಿತ್ರವೆಂದರೆ, ತಲೆ ತಗ್ಗಿಸಿ ತಟ್ಟೆ ಹಿಡಿದು ಒಳಗಿನಿಂದ ಬರುವ ಪಾತ್ರ ಮಾತ್ರ ಇಷ್ಟು ವರ್ಷದ ಮೇಲೂ ನನಗೇ ಬಂತು.

ಮೊದಲು ಬಂದವರು ಹಳಿಯಾಳ ಕಡೆಯ ನಿವೃತ್ತ ಡ್ರಿಲ್ ಮಾಸ್ತರು. ಕೂತವರು ಬೆನ್ನನ್ನು ಕುರ್ಚಿಗೆ ತಾಗಿಸಲಿಲ್ಲ. ಉಪ್ಪಿಟ್ಟಿನಲ್ಲಿದ್ದ ಮೆಣಸಿನಕಾಯಿಗಳನ್ನು ತೆಗೆದು ತಟ್ಟೆಯ ಅಂಚಿಗೆ ಸಾಲಾಗಿ, ಎತ್ತರದ ಪ್ರಕಾರ ಜೋಡಿಸಿದರು. “ಶಿಸ್ತು ಇಲ್ಲದ ಆಟ ಆಟಲ್ಲ. ಎಲ್ಲರೂ ನಸುಕಿನ್ಯಾಗ ಬಂದು ಸಾಲಾಗಿ ನಿಂದರಬೇಕು” ಎಂದರು. ಅಂತು ತಲೆ ಕೆರೆದುಕೊಂಡ. “ಸರ್, ನಮ್ಮ ಹುಡುಗ್ರೊಳಗ ಅರ್ಧಾ ಮಂದಿ ನಸುಕಿನ್ಯಾಗ ರಾತ್ರಿ ಪಾಳಿ ಮುಗಿಸಿ ಮನಿಗೆ ಬರ್ತಾರ್ರಿ.” “ಹಂಗಾರ ಪಾಳಿ ಬಿಡಸ್ರಿ” ಎಂದರು ಮಾಸ್ತರು. ಮಾತು ಅಲ್ಲಿಗೇ ನಿಂತಿತು, ಮೆಣಸಿನಕಾಯಿಗಳು ಸಾವಧಾನದಲ್ಲಿ ನಿಂತೇ ಇದ್ದವು.

ಎರಡನೆಯವರು ಎಲ್ಲಿಯೋ ಕೋಚಿಂಗ್ ಕಲಿತು ಬಂದ ತರುಣರು. ಶಿರಾ ಮುಟ್ಟಲಿಲ್ಲ, ಸಕ್ಕರೆ ಆಟಗಾರರ ಶತ್ರುವಂತೆ. ಲ್ಯಾಪ್‌ಟಾಪ್ ತೆಗೆದು ಹಸಿರು ಅಂಗಳದ ಮೇಲೆ ಕೆಂಪು ಬಾಣ, ನೀಲಿ ಬಾಣ ಓಡಿಸಿ ತೋರಿಸಿದರು. ನೋಡಲು ಬಹಳ ಚೆಂದ, ಕಸೂತಿಯ ನಕ್ಷೆಯ ಹಾಗಿತ್ತು. ಸಂಜೆ ಅವರನ್ನು ಗ್ರೌಂಡಿಗೆ ಕರೆದೊಯ್ದರು. ಎಲ್ಲ ಬಾಣಗಳೂ ಬಂದು ಕೂಡಬೇಕಾಗಿದ್ದ ನಟ್ಟನಡುವೆ ಒಂದು ಎಮ್ಮೆ ಮಲಗಿ ಮೆಲುಕು ಹಾಕುತ್ತಿತ್ತು. “ಇದನ್ನ ಎಬ್ಬಿಸ್ರಿ” ಎಂದರಂತೆ ಅವರು. “ಏಳೂದಿಲ್ಲ ಸರ್, ಬಾಜೂಕಿಂದ ಆಡಬೇಕು” ಎಂದರಂತೆ ಹುಡುಗರು. ತರುಣರು ಮತ್ತೆ ಫೋನು ಎತ್ತಲಿಲ್ಲ.

ಮೂರನೆಯವರು ಮುಂಡಗೋಡದ ಟಿಬೆಟನ್ ಕ್ಯಾಂಪಿನ ತಾಶಿ ಅವರು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ನಮ್ಮವರ ಚಪ್ಪಲಿಯ ಪಕ್ಕಕ್ಕೆ ನೇರವಾಗಿ ಇಟ್ಟು, “ಆರಾಮ ಅದೀರಿಲ್ರೀ ಅಕ್ಕಾರ?” ಎಂದು ಹುಬ್ಬಳ್ಳಿಯವರನ್ನೂ ಮೀರಿಸುವ ಕನ್ನಡದಲ್ಲಿ ಕೇಳಿದರು. ಉಪ್ಪಿಟ್ಟು ತಿಂದು ತಟ್ಟೆಯನ್ನು ತಾವೇ ಒಳಗೆ ತಂದಿಟ್ಟರು. ಗ್ರೌಂಡಿನಲ್ಲಿ ಹುಡುಗರಿಗೆ ಅವರು ಹೇಳಿದ್ದು ಒಂದೇ ಮಾತು: “ಬಾಯಿ ಬಂದ್ ಮಾಡ್ರಿ, ಕಣ್ಣ ತಗೀರಿ. ಮಾತಾಡಿದಾವ ಹೊರಗ.” ಆ ಸಂಜೆ ಮೊದಲ ಸಲ ನಮ್ಮ ಗ್ರೌಂಡಿನಲ್ಲಿ ಹಕ್ಕಿಗಳ ದನಿ ಕೇಳಿಸಿತಂತೆ. ಚೆಂಡು ಕಾಲಿನಿಂದ ಕಾಲಿಗೆ, ಎಮ್ಮೆಯನ್ನು ಸುತ್ತುಹಾಕಿ, ಆಚೆ ಬದಿಗೆ ಹೋಯಿತಂತೆ. ನಮ್ಮವರು ಮನೆಗೆ ಬಂದಾಗ ಮುಖ ನೋಡಬೇಕಿತ್ತು. ಆದರೆ ತಾಶಿ ಕೈ ಮುಗಿದರು. “ಚಳಿ ಬಿತ್ತಂದ್ರ ನಾ ಹುಬ್ಬಳ್ಳಿಗೆ ಸ್ವೆಟರ್ ಮಾರಾಕ ಹೋಗಬೇಕ್ರಿ. ನಿಮ್ಮ ಲೀಗ್ ಚಳಿಗಾಲಕ್ಕ, ನನ್ನ ಗಿರಾಕಿನೂ ಚಳಿಗಾಲಕ್ಕ. ಏನ್ ಮಾಡ್ಲಿ?”

ಅವರು ಹೋದ ಮೇಲೆ ಮೂವರೂ ಮತ್ತೆ ಪಡಸಾಲೆಯ ಗೋಡೆಗೆ ಒರಗಿದರು. ದಸರೆ ಮೂಗಿನ ತುದಿಗೆ ಬಂದಿತ್ತು. ನಾನು ಚಹದ ಕಪ್ಪು ಎತ್ತಿಕೊಳ್ಳುತ್ತ, ಇಷ್ಟು ದಿನ ಹೇಳಲೋ ಬೇಡವೋ ಎಂದುಕೊಂಡಿದ್ದನ್ನು ಹೇಳಿಯೇ ಬಿಟ್ಟೆ. “ಕೈತಾನ್ ಮಾಮನ ಸೈಕಲ್ ಚೈನು ದಿನಾ ನಮ್ಮ ಗೇಟಿನ ಮುಂದ ಯಾಕ ಬೀಳ್ತೈತಿ?”

ಮೂವರೂ ನನ್ನ ಮುಖ ನೋಡಿದರು. ಮಾಮನ ಮನೆ ಊರಿನ ಆ ತುದಿಗೆ. ಆದರೂ ಡ್ರಿಲ್ ಮಾಸ್ತರು ಬಂದ ದಿನ ಅವರ ಚೈನು ನಮ್ಮ ಗೇಟಿನ ಮುಂದೆ ಬಿತ್ತು. ಲ್ಯಾಪ್‌ಟಾಪಿನವರು ಬಂದ ದಿನವೂ ಬಿತ್ತು. ತಾಶಿ ಬಂದ ದಿನ ಕೂತು ರಿಪೇರಿ ಮಾಡಿದವರು, ಸೈಕಲ್ ತಳ್ಳಿಕೊಂಡು ಗ್ರೌಂಡಿನ ಬೇಲಿಯ ತನಕ ಹೋದರು. ಆ ಚೈನನ್ನು ನಾನು ನೋಡಿದ್ದೇನೆ. ಅದು ಬಿದ್ದಿರುವುದಿಲ್ಲ. ಮಾಮ ಅದನ್ನು ಬೆರಳಿನಿಂದ ಮೆಲ್ಲಗೆ ತಪ್ಪಿಸುತ್ತಾರೆ, ಆಮೇಲೆ ನಮ್ಮ ಪಡಸಾಲೆಯ ಕಡೆಗೆ ಕಿವಿ ಕೊಟ್ಟು ನಿಧಾನವಾಗಿ ಕೂರಿಸುತ್ತಾರೆ.

“ಅಂದ್ರ ಮಾಮ ಖರೇನ ಬಿಟ್ಟಿಲ್ಲೇನು?” ಎಂದರು ನಮ್ಮವರು. “ನೀವು ಹೋಗಿ ಕರದಾಗ ಏನಂದ್ರು ಇಸ್ಮಾಯಿಲ್?”

“ನಾ ಎಲ್ಲಿ ಹೋಗೇನಿ? ನೀವ ಹೋಗಿದ್ರಲ್ಲ?”

“ನಾ ಯಾಕ ಹೋಗ್ಲಿ? ನೀವು ‘ಟೆಂಪೋ ತಗೊಂಡು ಹೊಂಟೇನಿ’ ಅಂದ್ರಲ್ಲ?”

“ಯಾ ಅಲ್ಲಾ! ಅದು ಟಾಯರ್ ತರಾಕ!”

ಅಂತು ನೆಲ ನೋಡುತ್ತ ನಕ್ಕ. ಆಮೇಲೆ ಅವನಿಗೂ ನಗು ನಿಂತಿತು. ಮಾಮ ಈ ವಯಸ್ಸಿನಲ್ಲಿ, ಯಾರಾದರೂ ಕರೆಯಲು ಬರುತ್ತಾರೆ ಎಂದು ಮಳೆಗಾಲವಿಡೀ ಕಾದಿದ್ದರು. ಇವರು ಹೋಗದೆ, ಅವರ ಕಣ್ಣೆದುರೇ ಬೇರೆಯವರಿಗೆ ಶಿರಾ ತಿನ್ನಿಸಿದ್ದರು. ಮಾಡಿಕೊಟ್ಟವಳು ನಾನೇ.

ಮರುದಿನ ಸಂಜೆಯೇ ಮೂವರೂ ಹೊರಟರು. “ನೀನೂ ಬಾ. ಹೆಣ್ಮಕ್ಕಳಿದ್ರ ಬೈಯೂದಿಲ್ಲ” ಎಂದು ನಮ್ಮವರು ನನ್ನನ್ನೂ ಎಳೆದುಕೊಂಡು ಹೋದರು. ಮಾಮ ಜಗುಲಿಯಲ್ಲಿ ಕೂತಿದ್ದರು. ನಮ್ಮನ್ನು ನೋಡಿ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ನಮ್ಮವರು ಮಾತು ತೆಗೆದರು. “ತಪ್ಪಾತು ಮಾಮ. ಚೀಲ ನಿಮ್ಮ ದಾರಿ ಕಾಯಾಕ್ಹತ್ತೈತಿ. ಬರ್ರಿ.”

“ಬ್ಯಾಡ ಬಾಬಾ,” ಪೇಪರಿನ ಹಿಂದಿನಿಂದ ಉತ್ತರ ಬಂತು. “ನಿಮಗ ಭಾಳ ಮಂದಿ ಸಿಕ್ಕಾರ. ಕಂಪ್ಯೂಟರ್‌ನವರು, ಕವಾಯತಿನವರು. ನಾ ಮುದುಕ, ನನ್ನ ಯಾಕ?”

“ಹಂಗಂತೀರೇನು?” ಎಂದು ನಮ್ಮವರು ಮುಖ ಸಣ್ಣ ಮಾಡಿಕೊಂಡರು. ಇಸ್ಮಾಯಿಲ್ ಭಾಯಿ, “ಆತು, ಒತ್ತಾಯ ಮಾಡೂದು ಬ್ಯಾಡ” ಎಂದರು. ಇಬ್ಬರೂ ಎದ್ದೇ ಬಿಟ್ಟರು! ದೇವರೇ, ಈ ಗಂಡಸರಿಗೆ ಮೊದಲನೆಯ ‘ಬ್ಯಾಡ’ ಎಂಬುದು ಬರೀ ಬಾಗಿಲು ತೆಗೆಯುವ ಸದ್ದು ಎಂದು ಯಾವಾಗ ತಿಳಿಯುತ್ತದೆಯೋ. ನಾನು ಏಳಲಿಲ್ಲ. ಸೆರಗು ಸರಿಮಾಡಿಕೊಂಡು, ಕಾನ್ವೆಂಟಿನಲ್ಲಿ ಕಲಿಸಿದ ಹಾಗೆ ಬೆನ್ನು ನೇರ ಮಾಡಿ ಇನ್ನಷ್ಟು ಗಟ್ಟಿಯಾಗಿ ಕೂತೆ. “ಮಾಮ, ದೋದೋಲ್ ಆಗೇತೇನು ಮನ್ಯಾಗ?” ಎಂದೆ. ಒಳಗಿನಿಂದ ಅವರ ಹೆಂಡತಿ, ಬಾಗಿಲ ಹಿಂದೆಯೇ ನಿಂತಿದ್ದರೇನೋ, “ಹೋಯ್ ಬಾಯೇ, ನಿನ್ನೆನೇ ಮಾಡಿ ಇಟ್ಟೇನೆ” ಎಂದರು. ಪೇಪರು ಕೆಳಗಿಳಿಯಿತು.

ಆದರೆ ಮಾಮ ಆಮೇಲೆ ಹೇಳಿದ ಮಾತು ಶಾಸ್ತ್ರದ್ದಾಗಿರಲಿಲ್ಲ. “ಬರ್ತೇನಿ. ಒಂದು ಮಾತು. ಆ ಮುಂಡಗೋಡದ ಮನಷ್ಯಾನ್ನ ಬೇಲಿ ಹಿಂದ ನಿಂತು ನೋಡೇನಿ. ನಾ ಇಷ್ಟು ವರ್ಷ ಕೂಗಿ ಕೂಗಿ ಕಲಸಲಾರದ್ದನ್ನ ಅವ ಸುಮ್ಮನಿರ್ಸಿ ಕಲಸಿದ. ಅವ ಕಲಸ್ಲಿ, ಚಳಿಗಾಲಕ್ಕ ನಾ ನಿಂದರ್ತೇನಿ. ಅವನ ಬಿಟ್ಟು ನನ್ನ ಒಬ್ಬನ್ನ ಕರದ್ರ ನಾ ಬರೂದಿಲ್ಲ.” ಅಂತು ಎದ್ದು ಮಾಮನ ಕಾಲು ಮುಟ್ಟಿದ. “ಹಳಿಯಾಳದವರಿಗೆ ನಾ ಬರೂದಿಲ್ಲಂತ ಹೇಳಿಬಿಡ್ತೇನಿ” ಎಂದ.

ಹೀಗೆ ಒಬ್ಬರೂ ಸಿಗದ ಕಡೆ ನಮಗೆ ಇಬ್ಬರು ಮ್ಯಾನೇಜರಾದರು. ತಾಶಿಯೂ ಒಪ್ಪಿ, ಹುಬ್ಬಳ್ಳಿಗೆ ಹೋಗುವ ತನಕ ಹುಡುಗರ ಬಾಯಿ ಬಂದ್ ಮಾಡಿಸಿದರು. ಲೀಗಿನ ಮೊದಲ ಮ್ಯಾಚು ಹಳಿಯಾಳದಲ್ಲಿ, ಹಳಿಯಾಳದವರ ಮೇಲೆಯೇ. ನಾನೂ ಟೆಂಪೋ ಹತ್ತಿದೆ. ಅರ್ಧ ಆಟಕ್ಕೆ ಅವರದೊಂದು ಗೋಲು, ನಮ್ಮದಿಲ್ಲ. ಅಷ್ಟು ಹೊತ್ತು ಫೋನಿನ ವಿಡಿಯೋದಲ್ಲಿ ಆಟ ತೋರಿಸುತ್ತಿದ್ದ ಮಾಮ ಅದನ್ನು ಕೊಡೆಯ ನೆರಳಲ್ಲಿ ಹಿಡಿದರು, ಹುಡುಗರು ಸುತ್ತ ಬಗ್ಗಿದರು. ಪರದೆಯ ಮೇಲೆ ಸ್ವೆಟರುಗಳ ರಾಶಿಯ ನಡುವೆ ತಾಶಿಯ ಮುಖ. “ಅಂತು, ಎಡಗಡೆ ಜಾಗ ಖಾಲಿ ಐತಿ, ಅಲ್ಲಿ ಹೋಗು... ಅಕ್ಕಾರ, ಅದು ದೊಡ್ಡ ಸೈಜ್ರೀ, ನಿಮಗ ಬರ್ತೈತಿ ಹಾಕ್ಕೊಂಡು ನೋಡ್ರಿ... ಅಂತು, ಎಡಗಡೆ!”

ಆಟ ಒಂದು-ಒಂದು ಸಮವಾಯಿತು. ಅಂತು ಎಡಗಡೆಯಿಂದಲೇ ಹೊಡೆದನಂತೆ. ಅಂತೆ ಎನ್ನುತ್ತಿರುವುದು ಏಕೆಂದರೆ ಆ ಗೋಲನ್ನು ನಾನು ನೋಡಲಿಲ್ಲ. ಹಳಿಯಾಳದ ಗೋಲಿಯ ಅಂಗಿಯ ಬೆನ್ನಿಗೆ ನಂಬರನ್ನು ಯಾರೋ ಕೈಯಿಂದ ಹೊಲಿದಿದ್ದರು. ಅಷ್ಟು ಸಮನಾದ ಹೊಲಿಗೆಯನ್ನು ನಾನು ಕಾನ್ವೆಂಟು ಬಿಟ್ಟ ಮೇಲೆ ಕಂಡಿರಲಿಲ್ಲ. ಹೊಲಿದದ್ದು ತಾಯಿಯೋ ಹೆಂಡತಿಯೋ ಎಂದು ಯೋಚಿಸುತ್ತಿರುವಾಗ ನಮ್ಮ ಕಡೆಯವರೆಲ್ಲ ಎದ್ದು ಕೂಗಿದರು. ನೋಡಿದರೆ ಆ ನಂಬರು ನೆಲದ ಮೇಲೆ ಕೂತಿತ್ತು, ಇಸ್ಮಾಯಿಲ್ ಭಾಯಿ ಮಾಮನನ್ನು ಕೊಡೆಸಮೇತ ಎತ್ತಿಕೊಂಡಿದ್ದರು. ನಾನೂ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಟೆಂಪೋದಲ್ಲಿ ಎಲ್ಲರೂ ಗೋಲನ್ನು ಮತ್ತೆ ಮತ್ತೆ ಹೇಳಿದರು, ನಾನು ಎಲ್ಲಕ್ಕೂ ನೋಡಿದವಳ ಹಾಗೆ ತಲೆಯಾಡಿಸಿದೆ.

ಮನೆಯಲ್ಲಿ ಊಟಕ್ಕೆ ಬಡಿಸುವಾಗ ನಮ್ಮವರಿಗೆ ಕೇಳಿದೆ, “ಬರೂ ಐತವಾರ ಜೋಯಿಡಾದಾಗ ಮ್ಯಾಚ್ ಅಲ್ಲ? ನಾನೂ ಬರ್ಲೇನು?”

“ಬಾ, ಬಾ,” ಎಂದರು ಸಾರು ಕಲಸುತ್ತ. “ಆದ್ರ ಆಟದ ಕಡೆ ಮುಖಾ ಮಾಡಿ ಕೂಡು. ಗೋಲ್ ಆತಲ್ಲ, ನಾ ಮೊದಲ ತಿರುಗಿ ನಿನ್ನ ನೋಡಿದ್ನಿ. ನೀ ಅವರ ಗೋಲಿ ಬೆನ್ನು ನೋಡಕೋತ ಕುಂತಿದ್ದಿ.”

ಇಡೀ ಊರಿನ ಸಣ್ಣಪುಟ್ಟದ್ದನ್ನೆಲ್ಲ ನೋಡುವವಳು ನಾನು. ಗ್ರೌಂಡಿನಲ್ಲಿ ಅಷ್ಟು ಜನ ಚೆಂಡಿನ ಹಿಂದೆ ಕಣ್ಣು ಓಡಿಸಿದ್ದಾಗ ಒಬ್ಬರು ನನ್ನ ಕಡೆ ತಿರುಗಿದ್ದು ಮಾತ್ರ ನನಗೆ ಕಾಣಲಿಲ್ಲ. ನಾಳೆ ಅಂಗಡಿಗೆ ಹೋಗಿ ಕಣ್ಣು ತೋರಿಸಿಕೊಳ್ಳಬೇಕೆಂದಿದ್ದೇನೆ.