ಚಿಕ್ಕಪ್ಪನ ಸ್ಕೂಟರಿಗೆ ಪರದೇಶದ ನಂಬರು

ನಮ್ಮ ಚಿಕ್ಕಪ್ಪ ಹೆಂಡತಿಯನ್ನು ಬಿಟ್ಟು ಇದ್ದಾನು, ಸ್ಕೂಟರನ್ನು ಬಿಟ್ಟು ಇರಲಾರ. ಇದು ನಾನು ಹುಟ್ಟಿಸಿದ ಮಾತಲ್ಲ. ಅಜ್ಜಂಪುರದ ಬಸ್ ಸ್ಟ್ಯಾಂಡಿನಲ್ಲಿಳಿದು ಯಾರನ್ನಾದರೂ ಕೇಳಿ, ಬಾಯಲ್ಲಿರುವ ಎಲೆಅಡಿಕೆ ಉಗುಳಿ ಬಂದು ಇದನ್ನೇ ಹೇಳುತ್ತಾರೆ. ಮಗಳ ಮದುವೆ ಮುಗಿಸಿದ ಮೇಲೆ ಚಿಕ್ಕಮ್ಮ ನರ್ಸ್ ಕೆಲಸ ಹಿಡಿದು ಐರ್ಲೆಂಡಿಗೆ ಹೊರಟಳು. "ಹೇಗೂ ರಿಟೈರಾಗಿದ್ದೀರಿ, ನೀವೂ ಬನ್ನಿ" ಎಂದು ಕರೆದಳು. ಚಿಕ್ಕಪ್ಪ ಹೋಗಲಿಲ್ಲ. "ಅಲ್ಲಿ ಸ್ಕೂಟರ್ ಇಲ್ವಲ್ಲೇ" ಎಂದ. ಒಂದು ಇಡೀ ದೇಶದಲ್ಲಿ ಸ್ಕೂಟರ್ ಇಲ್ಲದೆ ಇರುತ್ತದೆಯೇ? ಇರುತ್ತದೆ. ಆದರೆ ಅದು ಅವನದಲ್ಲವಲ್ಲ!

ಆ ಸ್ಕೂಟರಿನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಚಿಕ್ಕಪ್ಪ ಹೈಸ್ಕೂಲಿನಲ್ಲಿ ಹಿಂದಿ ಮೇಷ್ಟ್ರಾಗಿದ್ದವನು. ಮದುವೆಯಾದ ವರ್ಷ ಕೊಂಡ ಸ್ಕೂಟರು ಅದು. ಬೂದಿ ಬಣ್ಣ, ಮುಂದೊಂದು ಬುಟ್ಟಿ, ಹಿಂದೊಂದು ಸ್ಟೆಪ್ನಿ. ಸುಮ್ಮನೆ ಕಿಕ್ ಹೊಡೆದರೆ ಅದು ಸ್ಟಾರ್ಟ್ ಆದದ್ದನ್ನು ಕಂಡವರಿಲ್ಲ. ಮೊದಲು ಅದನ್ನು ಬಲಗಡೆಗೆ, ಇನ್ನೇನು ನೆಲಕ್ಕೆ ಬಿತ್ತು ಅನ್ನುವಷ್ಟು ವಾಲಿಸಬೇಕು. ಹಾಗೇ ಸ್ವಲ್ಪ ಹೊತ್ತು ಹಿಡಿದಿರಬೇಕು. ಒಳಗೆಲ್ಲೋ ನಿದ್ದೆ ಮಾಡುತ್ತಿದ್ದ ಪೆಟ್ರೋಲು ಎದ್ದು ಮುಖ ತೊಳೆದುಕೊಂಡು ಇಂಜಿನ್ನಿಗೆ ಬರುತ್ತದೆ. ಆಮೇಲೆ ನೆಟ್ಟಗೆ ನಿಲ್ಲಿಸಿ ಒಂದು ಒದೆ. ಎಷ್ಟು ವಾಲಿಸಬೇಕು, ಎಷ್ಟು ಹೊತ್ತು ಅನ್ನುವುದು ಚಿಕ್ಕಪ್ಪನಿಗೆ ಮಾತ್ರ ಗೊತ್ತು.

ಚಿಕ್ಕಮ್ಮ ಆಗ ತರೀಕೆರೆಯ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ಅಜ್ಜಂಪುರದಿಂದ ತರೀಕೆರೆಗೆ ಬಸ್ಸಿಲ್ಲವೇ? ಬೇಕಾದಷ್ಟಿತ್ತು. ಚಿಕ್ಕಪ್ಪ ಹತ್ತಿಸುತ್ತಿರಲಿಲ್ಲ. ಬೆಳಿಗ್ಗೆ ಸ್ಕೂಟರಿನಲ್ಲಿ ಕರೆದೊಯ್ದು ಬಿಡುವುದು, ಪ್ರಾರ್ಥನೆಯ ಗಂಟೆಗೆ ಸರಿಯಾಗಿ ಸ್ಕೂಲಿಗೆ ಓಡಿ ಬರುವುದು, ಸ್ಕೂಲು ಬಿಟ್ಟೊಡನೆ ಮತ್ತೆ ತರೀಕೆರೆ. ಆಸ್ಪತ್ರೆಯ ಎದುರು ಹೊಂಗೆ ಮರದಡಿ ಸ್ಕೂಟರ್ ನಿಲ್ಲಿಸಿ ಸೀಟಿನ ಮೇಲೆಯೇ ಮಕ್ಕಳ ಹಿಂದಿ ಪ್ರಬಂಧ ತಿದ್ದುತ್ತಿದ್ದ. ದಿನಾ ಬೆಳಿಗ್ಗೆ ಗೇಟಿನ ಹತ್ತಿರ ಅವಳಿಗೆ ಒಂದೇ ಮಾತು: "ನಿಧಾನಕ್ಕೆ ಬಾ. ನಾನಿಲ್ಲೇ ಇರ್ತೀನಿ."

ಈ ಮಾತು ನಮ್ಮ ವಂಶದಲ್ಲಿ ಒಂದು ತಮಾಷೆಯೇ ಆಗಿಹೋಗಿತ್ತು. ಯಾರಾದರೂ ಬಚ್ಚಲಿಗೆ ಹೊರಟರೂ ಇನ್ನೊಬ್ಬರು "ನಿಧಾನಕ್ಕೆ ಬಾ, ನಾನಿಲ್ಲೇ ಇರ್ತೀನಿ" ಅನ್ನುತ್ತಿದ್ದರು. ಸ್ಕೂಟರ್ ಓಡಿಸಲು ಅವನಿಗೊಂದು ನೆಪ ಬೇಕು, ಹೆಂಡತಿ ಆ ನೆಪ ಅಷ್ಟೇ ಎಂಬುದು ನಮ್ಮೆಲ್ಲರ ತೀರ್ಮಾನ.

ಚಿಕ್ಕಮ್ಮ ಹೋದ ಮೊದಲ ಚಳಿಗಾಲ. ಒಂದು ಬೆಳಿಗ್ಗೆ ನಾನು ಕಡೂರಿನಲ್ಲಿ ನನ್ನ ಜೆರಾಕ್ಸ್ ಅಂಗಡಿಯ ಶಟರ್ ಎತ್ತುವಷ್ಟರಲ್ಲಿ ಚಿಕ್ಕಪ್ಪ ಸ್ಕೂಟರಿನ ಸಮೇತ ನಿಂತಿದ್ದ.

"ಲೇ, ಈ ಸ್ಕೂಟರನ್ನ ಐರ್ಲೆಂಡಿಗೆ ತಗೊಂಡೋಗ್ಬೇಕಲ್ಲ, ಏನು ಮಾಡ್ಬೇಕು ನೋಡು."

"ಬೀರೂರು ದಾಟಿದ್ರೇ ಏದುಸಿರು ಬಿಡುತ್ತೆ ಚಿಕ್ಕಪ್ಪ. ಸಮುದ್ರ ದಾಟುತ್ತಾ?"

"ಸಮುದ್ರದಲ್ಲಿ ನಾನೇನು ಓಡಿಸ್ಕೊಂಡೋಗ್ತೀನಾ? ಹಡಗಲ್ಲಿ ಹೋಗುತ್ತೆ. ಇದು ಹೋದ್ರೆ ನಾನೂ ಹೋಗ್ತೀನಿ. ಇದಕ್ಕೆ ಅಲ್ಲಿ ನಂಬರ್ ಕೊಡಲ್ಲ ಅಂದ್ರೆ ನಾನೂ ಇಲ್ಲೇ."

ಅಂದರೆ ಗಂಡ ಹೆಂಡತಿ ಮತ್ತೆ ಒಂದು ಸೂರಿನ ಕೆಳಗೆ ಸೇರುವುದು ಬಿಡುವುದು ಒಂದು ಹಳೇ ಸ್ಕೂಟರಿನ ಹಣೆಬರಹದ ಮೇಲೆ ನಿಂತಿತು. ನಾನು ಕಂಪ್ಯೂಟರಿನಲ್ಲಿ ಹುಡುಕಿದೆ, ಚಿಕ್ಕಮ್ಮ ಅಲ್ಲಿ ವಿಚಾರಿಸಿದಳು. ಹೊಸ ಗಾಡಿಯಾದರೆ ಹೊಗೆ, ಲೈಟು, ಸದ್ದು ಎಂದು ಸಾವಿರ ಪರೀಕ್ಷೆಯಂತೆ. ಮೂವತ್ತು ವರ್ಷ ದಾಟಿದ್ದರೆ ಮಾತ್ರ ಅದಕ್ಕೆ ಅಲ್ಲಿ ಮುತ್ತಜ್ಜನ ಮರ್ಯಾದೆ. ತೆರಿಗೆಯೂ ಹಗುರ, ತಕರಾರೂ ಕಡಿಮೆ. ಹಳೆಯ ರೂಪ ಕೆಡದಂತೆ ಇರಬೇಕು, ಅಷ್ಟೇ. ಇದನ್ನು ಕೇಳಿ ಚಿಕ್ಕಪ್ಪನ ಎದೆ ಉಬ್ಬಿತು. ಆ ಸ್ಕೂಟರಿನ ವಯಸ್ಸು ಹೇಳಿದಾಗ ನಗದೆ ಇದ್ದ ಮೊದಲ ದೇಶ ಅದು.

ಸಂತೋಷದಲ್ಲಿ ಅವನು ಏನು ಮಾಡಿದ ಗೊತ್ತೇ? ಯಾರಿಗೂ ಹೇಳದೆ ಪೇಂಟರ್ ಹತ್ತಿರ ಹೋಗಿ ಅದಕ್ಕೆ ಅಡಿಯಿಂದ ಮುಡಿಯವರೆಗೆ ಗಿಳಿಹಸಿರು ಬಣ್ಣ ಹೊಡೆಸಿದ. ಪೇಂಟರೂ ಧಾರಾಳಿ. ಎರಡು ಕೋಟಿನ ಮೇಲೆ ಪ್ರೀತಿಗೆಂದು ಇನ್ನೊಂದು ಕೋಟು. ನಾನು ತಲೆಯ ಮೇಲೆ ಕೈ ಹೊತ್ತೆ.

"ಚಿಕ್ಕಪ್ಪ, ಹಳೇದು ಅನ್ನೋದೇ ಅಲ್ವಾ ಅದರ ಯೋಗ್ಯತೆ?"

"ಪರದೇಶಕ್ಕೆ ಹೋಗ್ತಾ ಇದೆ ಕಣೋ. ಹಳೇ ಬಟ್ಟೇಲಿ ಕಳಿಸ್ಲಾ?"

ವಿಡಿಯೋ ಕಾಲಿನಲ್ಲಿ ಚಿಕ್ಕಮ್ಮ ಅದನ್ನು ನೋಡಿ, "ರೀ, ಮುತ್ತಜ್ಜನಿಗೆ ಬಾಸಿಂಗ ಕಟ್ಟಿ ಕಳಿಸಿದ್ರೆ ವಯಸ್ಸು ಯಾರು ನಂಬ್ತಾರ್ರೀ?" ಅಂದಳು.

ಬಣ್ಣವಾದರೂ ಹೋಗಲಿ. ತರೀಕೆರೆಯ ಸಾರಿಗೆ ಕಚೇರಿಯಿಂದ ನಮ್ಮ ಅಭ್ಯಂತರವಿಲ್ಲ ಎಂಬ ಪತ್ರ ಬೇಕಿತ್ತು. ಅದಕ್ಕೆ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಬೇಕು. ಕಬ್ಬಿಣದಲ್ಲಿ ಕೊರೆದ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಂಕಿಗಳು ಮೂಡಬೇಕು. ನಾನು ಸ್ಕೂಟರಿನ ಕೆಳಗೆ ನುಗ್ಗಿ ಉಜ್ಜಿದೆ, ಉಜ್ಜಿದೆ. ಮೂಡಿದ್ದು ಬರೀ ಕಪ್ಪು. ಮೂರು ಕೋಟು ಬಣ್ಣದಡಿ ಸ್ಕೂಟರಿನ ಹೆಸರು, ಕುಲ, ಗೋತ್ರವೆಲ್ಲ ಮುಚ್ಚಿಹೋಗಿತ್ತು. ನಂಬರಿಲ್ಲದಿದ್ದರೆ ಅದು ಯಾವ ವರ್ಷದ್ದೆಂದು ಇಲ್ಲಿಯೂ ಹೇಳುವಂತಿಲ್ಲ, ಅಲ್ಲಿಯೂ ಹೇಳುವಂತಿಲ್ಲ. ಆಗಲೇ ನೋಡಿ ಚಿಕ್ಕಪ್ಪನ ಮುಖ ಮೊದಲ ಸಲ ಇಳಿದದ್ದು. "ನಾನೇ ಕೈಯಾರ ಕೆಡಿಸಿದ್ನಲ್ಲೋ" ಅಂದು ನಮ್ಮ ಮನೆ ಮೆಟ್ಟಿಲ ಮೇಲೆ ಕೂತುಬಿಟ್ಟ.

ನಮ್ಮಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು. "ಅದಕ್ಯಾಕೆ ಹಂಗೆ ಕೂತ್ಕೋತೀಯ ಮೈದುನಪ್ಪಾ, ಏಳು. ಸೀದ ಪಾತ್ರೆ ತಳ ಉಜ್ಜಿ ಬಿಡಿಸೋದಿಲ್ವಾ ನಾವು?" ಇಡೀ ಭಾನುವಾರ ಥಿನ್ನರು, ಹಳೇ ಹಲ್ಲುಜ್ಜುವ ಬ್ರಷ್ಷು, ಹರಿದ ಪಂಚೆ. ಮಧ್ಯಾಹ್ನದ ಹೊತ್ತಿಗೆ ಗಿಳಿಹಸಿರು ಕರಗಿ ಒಳಗಿನ ಬೂದಿ ಬಣ್ಣ ಇಣುಕಿತು. ಅಲ್ಲಲ್ಲಿ ಹಸಿರಿನ ಕಲೆ ಉಳಿದು ಸ್ಕೂಟರಿಗೆ ನಿಜಕ್ಕೂ ನೂರು ವರ್ಷದ ಕಳೆ ಬಂತು. ಸಂಜೆ ಕಾಗದ ಇಟ್ಟು ಪೆನ್ಸಿಲ್ ಆಡಿಸಿದರೆ ಒಂದೊಂದೇ ಅಂಕಿ ಬೆಳ್ಳಗೆ ಎದ್ದು ಬಂತು. ಉಸ್ಸಪ್ಪಾ ಅಂತ ನಾನು ಸ್ಕೂಟರಿನ ಕೆಳಗೇ ಕಾಲು ಚಾಚಿ ಮಲಗಿಬಿಟ್ಟೆ.

ತರೀಕೆರೆಯಲ್ಲಿ ಕಾಗದ ನೋಡಿದವನು ಚಿಕ್ಕಪ್ಪನ ಹಳೇ ಶಿಷ್ಯನೇ. "ಮೇಷ್ಟ್ರೇ, ಶಿವಮೊಗ್ಗಕ್ಕೆ ಬರ್ಕೊಡಿ ಅಂತಾರೆ, ದಾವಣಗೆರೆಗೆ ಬರ್ಕೊಡಿ ಅಂತಾರೆ. ಐರ್ಲೆಂಡಿಗೆ ಬರ್ಕೊಡು ಅಂದೋರು ನೀವೇ ಮೊದಲು."

"ಯಾಕಪ್ಪಾ, ಆಗಲ್ವಾ?"

"ಆಗುತ್ತೆ ಸಾರ್. ಕಾಗದ ಎಲ್ಲಾ ಸರಿಯಾಗಿದೆ. ಆದ್ರೆ ನೀವು ನನ್ನ ಪ್ರಬಂಧಗಳನ್ನ ಇದರ ಸೀಟಿನ ಮೇಲೇ ತಾನೇ ಕೆಂಪು ಮಾಡಿದ್ದು? ದೂರ ಹೋಗ್ಲಿ ಬಿಡಿ."

ಪೆಟ್ಟಿಗೆಗೆ ಹಾಕುವ ಮುಂಚೆ ಇನ್ನೊಂದು ನಿಯಮ ಬಂತು. ಚಕ್ರದಲ್ಲಿ ಒಂದು ಚೂರು ಮಣ್ಣೂ ಇರಕೂಡದಂತೆ. ಚಿಕ್ಕಪ್ಪ ಬೇವಿನ ಕಡ್ಡಿ ಹಿಡಿದು ಟೈರಿನ ಗೆರೆಗೆರೆಯನ್ನೂ ಕೆರೆದ. ಅಷ್ಟು ಶುದ್ಧ ಮಾಡಿ, ಮೊಳೆ ಹೊಡೆಯುವ ಮುಂಚೆ ಪೂಜೆ ಮಾಡದೆ ಬಿಡುತ್ತಾನೆಯೇ? ಚಕ್ರದಡಿ ನಿಂಬೆಹಣ್ಣು ಇಟ್ಟು ಜಜ್ಜಿದ್ದಾಯಿತು. ಹ್ಯಾಂಡಲಿಗೆ ಇನ್ನೊಂದು ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ಕಟ್ಟಿದ್ದಾಯಿತು. ಕಟ್ಟಿದ್ದನ್ನು ಬಿಚ್ಚಬೇಕಿತ್ತು ಎಂದು ನಮಗೆ ಹೊಳೆದದ್ದು ಹಡಗು ಹೊರಟ ಮೇಲೆ.

ಹಡಗು ಹೊರಟಿತೆಂದು ಖಾತ್ರಿಯಾದ ಮೇಲೆಯೇ ಚಿಕ್ಕಪ್ಪ ವಿಮಾನ ಹತ್ತಿದ್ದು. ಅಲ್ಲಿನ ಬಂದರಿನಲ್ಲಿ ಪೆಟ್ಟಿಗೆ ತೆಗೆದ ಅಧಿಕಾರಿ, ಒಣಗಿ ಕರಿಗಟ್ಟಿದ ನಿಂಬೆಹಣ್ಣನ್ನು ಕೈಗವಸಿನಲ್ಲಿ ಎತ್ತಿ ಹಿಡಿದು ಇದೇನೆಂದು ಕೇಳಿದನಂತೆ. ಚಿಕ್ಕಪ್ಪನಿಗೆ ಇಂಗ್ಲಿಷ್ ಹುಡುಕಿದಾಗಲೆಲ್ಲ ಕೈಗೆ ಸಿಗುವುದು ಹಿಂದಿ. ಅದನ್ನು ಆಚೆ ಸರಿಸಿ, ಕಷ್ಟಪಟ್ಟು, "ಸೇಫ್ಟಿ ಸಿಸ್ಟಮ್" ಅಂದನಂತೆ. ಅಧಿಕಾರಿ ನಿಂಬೆಹಣ್ಣನ್ನೂ ನೋಡಿದ, ಸ್ಕೂಟರಿನ ಬ್ರೇಕನ್ನೂ ನೋಡಿದ. ಇರಬಹುದು ಅನ್ನಿಸಿತೋ ಏನೋ. ಹಣ್ಣು ಇಟ್ಟುಕೊಂಡು ಸ್ಕೂಟರನ್ನು ಬಿಟ್ಟ.

ಇನ್ನು ಉಳಿದದ್ದು ನೋಂದಣಿ. ಗಾಡಿ ಬಂದಿಳಿದ ತಿಂಗಳೊಳಗೆ ತಪಾಸಣೆಗೆ ಒಪ್ಪಿಸಿ ಅಲ್ಲಿನ ನಂಬರ್ ಪಡೆಯಬೇಕು. ಚಿಕ್ಕಪ್ಪ ಬಟ್ಟೆಯ ಪೆಟ್ಟಿಗೆಯನ್ನು ಬಿಚ್ಚಿಯೇ ಇರಲಿಲ್ಲ. ಹಿಂದಿನ ದಿನ ಚಿಕ್ಕಮ್ಮ ನನಗೆ ಫೋನ್ ಮಾಡಿದಳು. "ಸ್ಕೂಟರ್ ಫೇಲಾದ್ರೆ ಅದೇ ಹಡಗಿನ ಹಿಂದೆ ವಾಪಸ್ ಹೊರಡ್ತಾರಂತೆ ಕಣೋ. ಇವರು ಬಂದ್ಮೇಲೆ ನಾನು ಸರಿಯಾಗಿ ಊಟ ಮಾಡ್ತಿದ್ದೆ."

ಮಾರನೆಯ ದಿನ ಅವಳು ಫೋನನ್ನು ಎತ್ತಿ ಹಿಡಿದಳು, ನಾನು ಅಂಗಡಿಯಲ್ಲಿ ಗಿರಾಕಿಗಳನ್ನು ಕಾಯಿಸಿಕೊಂಡು ನೋಡಿದೆ. ತಪಾಸಣೆಯವನು ತೆಂಗಿನ ಮರದಂಥ ಆಳು. ಚಾಸಿ ನಂಬರಿಗೆ ಟಾರ್ಚ್ ಬಿಟ್ಟು, ಕಾಗದದೊಂದಿಗೆ ತಾಳೆ ನೋಡಿ, ಸರಿ ಅಂದ. ಹಸಿರು ಕಲೆಗಳನ್ನು ಪ್ರೀತಿಯಿಂದ ಸವರಿದ. ಆಮೇಲೆ ಸ್ಟಾರ್ಟ್ ಮಾಡಿ ಅಂದ.

ಇಲ್ಲೊಂದು ವಿಷಯ ಹೇಳಬೇಕು. ಚಿಕ್ಕಮ್ಮ ಮನೆಯಲ್ಲೇ ಕಟ್ಟಪ್ಪಣೆ ಮಾಡಿದ್ದಳು: "ಅವರೆದುರಿಗೆ ಸರ್ಕಸ್ ಮಾಡ್ಬೇಡಿ. ಗಾಡಿ ವಾಲಿಸಿದ್ರೆ ಕೆಟ್ಟಿದೆ ಅಂದ್ಕೋತಾರೆ." ಹೇಳಿದಂತೆ ಕೇಳುವ ಗಂಡ ಸಭ್ಯನಾಗಿ, ನೆಟ್ಟಗೆ, ಕಿಕ್ ಹೊಡೆದ. ಇಲ್ಲ. ಮತ್ತೆ ಹೊಡೆದ. ಇಲ್ಲ. ಬೆವರು ಇಳಿಯಿತು. ಎತ್ತರದವನು ಕೈಗಡಿಯಾರ ನೋಡಿಕೊಂಡು ಪೆನ್ನು ತೆಗೆದ. ಫೋನು ಅಲುಗಾಡಿತು, ಅದರ ಹಿಂದಿನಿಂದ ಅಜ್ಜಂಪುರಕ್ಕೇ ಕೇಳಿಸುವಂತೆ ಚಿಕ್ಕಮ್ಮನ ಕೂಗು: "ವಾಲಿಸ್ರೀ!"

ಚಿಕ್ಕಪ್ಪ ವಾಲಿಸಿದ. ಗಾಡಿ ಬಿದ್ದೇಹೋಯಿತೆಂದು ಎತ್ತರದವನು ಹಾರಿ ಬಂದು ಆ ಕಡೆಯಿಂದ ಹಿಡಿದು ಎಳೆದ. ಈ ಕಡೆಯಿಂದ ಚಿಕ್ಕಪ್ಪ ಜಗ್ಗಿದ. "ಛೋಡಿಯೇ ಸಾಬ್, ಛೋಡಿಯೇ" ಎಂದು ಗೋಗರೆದ. ಕೊನೆಗೆ ಹೇಗೋ ಬಿಡಿಸಿಕೊಂಡು ನೆಟ್ಟಗೆ ಮಾಡಿ ಒದ್ದ ನೋಡಿ, ಡುರ್ರೆಂದಿತು! ನೀಲಿ ಹೊಗೆಯಲ್ಲಿ ಇಬ್ಬರೂ ಮಾಯವಾದರು. ಹೊಗೆಯೊಳಗಿಂದ ಮೊದಲು ಕೆಮ್ಮು ಬಂತು, ಆಮೇಲೆ ನಗು. ಎತ್ತರದವನು ಇಂಜಿನ್ ಆಫ್ ಮಾಡಿಸಿ, ತಾನೂ ಒಮ್ಮೆ ವಾಲಿಸಿ ನೋಡಿ, ಆಮೇಲೆಯೇ ಸಹಿ ಹಾಕಿದ್ದು. ಆ ಸ್ಕೂಟರನ್ನು ಚಿಕ್ಕಪ್ಪ ಬೇರೆಯವರ ಕೈಗೆ ಕೊಟ್ಟದ್ದು ಅದೊಂದೇ ಸಲ. ನಾನು ಅಂದು ನಮ್ಮ ಗಿರಾಕಿಗಳಿಗೆಲ್ಲ ಟೀ ತರಿಸಿದೆ.

ನಂಬರೇನೋ ಬಂತು. ಆದರೆ ನಮ್ಮ ಲೈಸೆನ್ಸು ಅಲ್ಲಿ ನಡೆಯದಂತೆ! ಅಷ್ಟು ವರ್ಷ ಓಡಿಸಿದ ಮನುಷ್ಯ ಎದೆಯ ಮೇಲೆ ದೊಡ್ಡ ಎಲ್ ಅಕ್ಷರವಿರುವ ಹಳದಿ ಕೋಟು ತೊಟ್ಟು ಕಲಿಯುವವನಾದ. ಕಲಿಯುವವನು ಹಿಂದಿನ ಸೀಟಿನಲ್ಲಿ ಯಾರನ್ನೂ ಕೂರಿಸುವಂತಿಲ್ಲ. ಚಿಕ್ಕಮ್ಮ ಎಂದಿನಂತೆ ಬಸ್ಸಿನಲ್ಲಿ. ಇವನು ಖಾಲಿ ಸೀಟಿನ ಸ್ಕೂಟರಿನಲ್ಲಿ ಬಸ್ಸಿನ ಹಿಂದೆ. ಹೋಗುವಾಗಲೂ ಹಿಂದೆ, ಬರುವಾಗಲೂ ಹಿಂದೆ. ಬಸ್ಸಿನ ಡ್ರೈವರು ಕನ್ನಡಿಯಲ್ಲಿ ನೋಡಿ ಕೈ ಬೀಸುತ್ತಿದ್ದನಂತೆ. ಕೇಳಿ ನಾವು ಹೊಟ್ಟೆ ಹಿಡಿದು ನಕ್ಕೆವು.

"ಅಲ್ಲ ಚಿಕ್ಕಮ್ಮ, ಬಸ್ಸಿಗೆ ಬೆಂಗಾವಲು ಯಾಕೆ? ಚಿಕ್ಕಪ್ಪನ ಸ್ಕೂಟರ್ ಹುಚ್ಚು ಅಲ್ಲಿಗೆ ಹೋದ್ರೂ ಬಿಡಲಿಲ್ವಲ್ಲ" ಅಂದೆ ಒಂದು ದಿನ.

ಅವಳು ನಗಲಿಲ್ಲ. "ಬಸ್ಸು ಆಸ್ಪತ್ರೆ ತನಕ ಹೋಗಲ್ಲ ಕಣೋ. ಸ್ಟಾಪಿಂದ ಹೊಲಗಳ ಮಧ್ಯೆ ನಡೀಬೇಕು, ಒಂದು ನರಪಿಳ್ಳೆ ಇರಲ್ಲ. ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲಾಗ್ಬಿಡುತ್ತೆ. ಬಂದ ಹೊಸದ್ರಲ್ಲಿ ಒಂದು ದಿನ ಫೋನಲ್ಲಿ, ಭಯ ಆಗುತ್ತೆ ಕಣ್ರೀ ಅಂದುಬಿಟ್ಟಿದ್ದೆ. ಇವರು ಹ್ಞೂಂ ಅಂದು ಫೋನ್ ಇಟ್ರು. ಬೆಳಿಗ್ಗೆ ಎದ್ದು ನಿನ್ನ ಅಂಗಡಿಗೆ ಬಂದ್ರಂತಲ್ಲ."

ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

"ಈಗ ಸ್ಟಾಪಲ್ಲಿ ಇಳಿದು ನಾನು ಮುಂದೆ ನಡೀತೀನಿ. ಇವರು ಹಿಂದೆ ನಿಧಾನಕ್ಕೆ ಸ್ಕೂಟರ್ ಬಿಟ್ಕೊಂಡು ಬರ್ತಾರೆ. ಅದರ ಲೈಟು ನನ್ನ ಮುಂದೆ ದಾರಿ ಮೇಲೆ ಬೀಳುತ್ತೆ. ಅಷ್ಟು ಸಾಕು ಕಣೋ."

ಮೊನ್ನೆ ಚಿಕ್ಕಪ್ಪನಿಗೆ ಪೂರ್ತಿ ಲೈಸೆನ್ಸು ಸಿಕ್ಕಿತು. ಮೊದಲ ದಿನವೇ ಚಿಕ್ಕಮ್ಮ ಹಿಂದಿನ ಸೀಟಿನಿಂದ ವಿಡಿಯೋ ಕಾಲ್ ಮಾಡಿದಳು. ನನಗೆ ಕಂಡದ್ದು ಚಿಕ್ಕಪ್ಪನ ಬೆನ್ನು, ಅದರ ಮೇಲೆ ನಮ್ಮಮ್ಮ ಹೆಣೆದು ಕಳಿಸಿದ ಸ್ವೆಟರು, ಪಕ್ಕದಲ್ಲಿ ಹಿಂದೆ ಸರಿಯುವ ಹಸಿರು ಹೊಲ. ಆಸ್ಪತ್ರೆಯ ಗೇಟು ಬಂತು. ಅವಳು ಇಳಿದಳು, ಕಾಲ್ ಕತ್ತರಿಸಲು ಮರೆತು ಫೋನನ್ನು ಕೋಟಿನ ಜೇಬಿಗೆ ಹಾಕಿಕೊಂಡಳು. ತೆರೆ ಕತ್ತಲಾಯಿತು, ಸದ್ದು ಮಾತ್ರ ಉಳಿಯಿತು. ಸ್ಕೂಟರಿನ ಡುರ್ ಡುರ್ ನಡುವೆ ಚಿಕ್ಕಪ್ಪನ ದನಿ ಕೇಳಿಸಿತು.

"ನಿಧಾನಕ್ಕೆ ಬಾ. ನಾನಿಲ್ಲೇ ಇರ್ತೀನಿ."